ಜಾತಕದೊಳಗೆ ಗ್ರೀಕರು, ಗ್ರೀಕರ ನಾಟಕದೊಳಗೆ ನಾವು!

ಹ್ವಾಯ್, ಒಂದು ಪಂಥ ಕಟ್ಟುವ?

ಇವತ್ತು ಬೆಳಿಗ್ಗೆಯಿಂದ ನಿಮ್ಮ ಬಾಯಲ್ಲಿ ಎಷ್ಟು ಗ್ರೀಕ್ ಪದ ಬಂದಿದೆ, ಹೇಳಿ ಕಾಣಿ. ಸೊನ್ನೆ ಅಂತೀರಾ? ಸೋತಿರಿ!

"ಆರೋಗ್ಯ ಕೇಂದ್ರಕ್ಕೆ ಹೋಗಿದ್ದೆ" ಅಂದಿರಾ? ಒಂದು. "ರೈಲು ಸುರಂಗಕ್ಕೆ ಹೊಕ್ಕಿದ್ದೇ ಮೊಬೈಲ್ ಸತ್ತಿತು" ಅಂದಿರಾ? ಎರಡು. ಜೋಯಿಸರ ಹತ್ತಿರ ಮಗಳ ಜಾತಕ ತೋರಿಸಿ ಬಂದಿರಾ? ಹಾಗಾದರೆ ಲೆಕ್ಕ ಇಡುವುದನ್ನೇ ಬಿಟ್ಟುಬಿಡಿ!

ಇವು ಇಂಗ್ಲಿಷ್ ಶಾಲೆಯಿಂದ ಬಂದ ಪದಗಳಲ್ಲ. ಇಂಗ್ಲಿಷ್ ಎಂಬ ಭಾಷೆ ಹುಟ್ಟುವ ಮೊದಲೇ ಇತ್ತ ಬಂದವು. ಇವುಗಳ ಅಕ್ಕ ತಂಗಿಯರು ಮಾತ್ರ ಈಗ ಇಂಗ್ಲಿಷ್ ನಿಘಂಟಿನ ಮೂಲೆಗಳಲ್ಲಿ, ಯಾರೂ ತೆರೆಯದ ಪುಟಗಳಲ್ಲಿ ಕೂತಿದ್ದಾರೆ. ಬನ್ನಿ, ಒಬ್ಬೊಬ್ಬರನ್ನೇ ಹಿಡಿಯುವ.

ಮೊದಲು ಕೇಂದ್ರ. ಗ್ರೀಕಿನಲ್ಲಿ ಇದು ಕೆಂತ್ರೊನ್. ಅರ್ಥ ಊಹಿಸಿ! ನಡು? ಮಧ್ಯ? ಅಲ್ಲ. ಮುಳ್ಳು! ಎತ್ತನ್ನು ತಿವಿಯುವ ಕೋಲಿನ ಚೂಪು ಮೊನೆ! ವೃತ್ತ ಬರೆಯುವಾಗ ಕೈವಾರದ ಮುಳ್ಳು ಎಲ್ಲಿ ಚುಚ್ಚುತ್ತದೆ? ಅಲ್ಲೇ ಕೇಂದ್ರ. ಇಂಗ್ಲಿಷಿನ ಸೆಂಟರ್ ಇದೇ ಮುಳ್ಳು. ಬಸುರಿಯ ಗರ್ಭಚೀಲಕ್ಕೆ ಸೂಜಿ ಹಾಕಿ ನೀರು ತೆಗೆಯುವ ಆಮ್ನಿಯೊಸೆಂಟೆಸಿಸ್ ಎಂಬ ಪರೀಕ್ಷೆ ಇದೆಯಲ್ಲ, ಅದರ ಬಾಲದಲ್ಲಿರುವುದೂ ಇದೇ ಚುಚ್ಚು. ಮೈತುಂಬ ಮುಳ್ಳಿದ್ದ ಒಂದು ಡೈನೊಸಾರ್‌ಗೆ ಕೆಂಟ್ರೊಸಾರಸ್ ಅಂತ ಹೆಸರು. ತಾಲೂಕು ಕೇಂದ್ರಕ್ಕೂ ಡೈನೊಸಾರ್‌ಗೂ ನಂಟು!

ಇನ್ನು ಸುರಂಗ. ಕಾಸರಗೋಡು ಕಡೆಯವರು ಗುಡ್ಡ ಕೊರೆದು ಅಡಿಕೆ ತೋಟಕ್ಕೆ ನೀರು ಇಳಿಸುತ್ತಾರಲ್ಲ, ಆ ಸುರಂಗ. ಎಷ್ಟು ನಮ್ಮದು ಅನ್ನಿಸುವ ಪದ! ಆದರೆ ಹೆಚ್ಚಿನ ವಿದ್ವಾಂಸರು ಇದರ ತವರು ಗ್ರೀಕಿನ ಸಿರಿಂಕ್ಸ್ ಅನ್ನುತ್ತಾರೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೇ ಇದು ಸುರುಂಗಾ ಆಗಿ ನುಸುಳಿದೆ. ಸಿರಿಂಕ್ಸ್ ಅಂದರೆ ಪೊಳ್ಳು ಜೊಂಡು, ಜೊಂಡಿನ ಕೊಳಲು, ನೆಲದಡಿಯ ದಾರಿ. ಈಗ ಹೇಳಿ, ನಿಮ್ಮ ತೋಳಿಗೆ ಇಂಜೆಕ್ಷನ್ ಕೊಡುವ ಸಿರಿಂಜ್ ಎಲ್ಲಿಂದ ಬಂತು? ಹೌದು, ಅದೇ ಜೊಂಡು! ಸುರಂಗವೂ ಸಿರಿಂಜೂ ಒಂದೇ ಬಳ್ಳಿಯ ಕಾಯಿ.

ಇಷ್ಟಕ್ಕೇ ನಿಲ್ಲಲಿಲ್ಲ. ಹಕ್ಕಿಗಳಿಗೆ ನಮ್ಮ ಹಾಗೆ ಗಂಟಲ ಮೇಲ್ಭಾಗದಿಂದ ದನಿ ಹೊರಡುವುದಿಲ್ಲ. ಶ್ವಾಸನಾಳದ ತಳದಲ್ಲಿ, ಎದೆಯೊಳಗೆ, ಬೇರೆಯೇ ಒಂದು ಅಂಗ ಇದೆ. ಅದರ ಹೆಸರು ಸಿರಿಂಕ್ಸ್! ಬೆಳಗ್ಗೆ ಮಾವಿನ ಮರದಲ್ಲಿ ಕೂಗುವ ಕೋಗಿಲೆ ತನ್ನ 'ಸುರಂಗ'ವನ್ನೇ ಊದುತ್ತಿದೆ.

ಈಗ ಪಂಚಾಂಗ ತೆಗೆಯಿರಿ. ನಿಜವಾದ ನಿಧಿ ಇರುವುದು ಇಲ್ಲೇ!

ಕೇಮದ್ರುಮ ಯೋಗ. ಕೇಳಿದೊಡನೆ ಅಮ್ಮಂದಿರ ಮುಖ ಬಾಡುತ್ತದೆ. ಚಂದ್ರನ ಹಿಂದೆ ಮುಂದೆ ಒಂದು ಗ್ರಹವೂ ಇಲ್ಲ, ಜಾತಕನಿಗೆ ದಾರಿದ್ರ್ಯ ಎಂಬ ಹೆದರಿಕೆ. ಸಂಸ್ಕೃತದಲ್ಲಿ ಈ ಪದಕ್ಕೆ ಅರ್ಥ ಹುಡುಕಿ ಕಾಣಿ. 'ದ್ರುಮ' ಅಂದರೆ ಮರ. ಚಂದ್ರನಿಗೂ ಮರಕ್ಕೂ ಏನು ಸಂಬಂಧ? ಏನೂ ಇಲ್ಲ! ಯಾಕೆಂದರೆ ಅದು ಮರವೇ ಅಲ್ಲ. ಗ್ರೀಕಿನ ಕೆನೊದ್ರೊಮಿಯ! ಕೆನೊಸ್ ಅಂದರೆ ಖಾಲಿ, ದ್ರೊಮೊಸ್ ಅಂದರೆ ಓಟ. ಖಾಲಿ ಆಕಾಶದಲ್ಲಿ ಒಂಟಿ ಚಂದ್ರನ ಓಟ. ಎಂಥ ಪದ ಮಾರಾಯ್ರೆ!

ಆ ಕೆನೊಸ್ ಇಂಗ್ಲಿಷಿನಲ್ಲಿ ಸೆನೊಟಾಫ್ ಆಯಿತು, ಅಂದರೆ ಒಳಗೆ ಹೆಣವಿಲ್ಲದ ಖಾಲಿ ಗೋರಿ. ಓಟದ ಕಥೆ ಇನ್ನೂ ಚೆಂದ. 'ವಿಕಟಕವಿ'ಯನ್ನು ಹಿಂದಿನಿಂದ ಓದಿದರೂ ವಿಕಟಕವಿಯೇ. ಅಂಥ ಪದಕ್ಕೆ ಇಂಗ್ಲಿಷಿನಲ್ಲಿ ಪ್ಯಾಲಿಂಡ್ರೋಮ್, ಹಿಂದಕ್ಕೆ ಓಡುವುದು ಅಂತ. ಓಡುವ ಒಂಟೆ ಡ್ರೊಮೆಡರಿ. ಸಮುದ್ರದಲ್ಲಿ ದಿಕ್ಕು ಬದಲಿಸದೆ ಸಾಗುವ ಹಡಗಿನ ಓರೆದಾರಿ ಲಾಕ್ಸೊಡ್ರೋಮ್.

ನನಗೆ ಬಹಳ ಇಷ್ಟವಾದದ್ದು ಮಾತ್ರ ಬೇರೆ. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ. ಐದೂ ನದಿ ಗಂಗೊಳ್ಳಿಯ ಅಳಿವೆಯಲ್ಲಿ ಕಡಲು ಸೇರುತ್ತವೆ. ಅಳಿವೆಯ ಮೀನಿನ ವಿಚಾರ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಕಡಲು ಬಿಟ್ಟು ನದಿ ಹತ್ತಿ ಮೊಟ್ಟೆ ಇಡುವ ಮೀನಿಗೆ ಇಂಗ್ಲಿಷಿನಲ್ಲಿ ಒಂದು ಪ್ರತ್ಯೇಕ ಪದ ಇದೆ, ಗೊತ್ತಿತ್ತಾ? ಅನಾಡ್ರಮಸ್! ಮೇಲಕ್ಕೆ ಓಡುವುದು. ಜಾತಕದ ಒಂಟಿ ಚಂದ್ರನೂ ನದಿ ಹತ್ತುವ ಮೀನೂ ಒಂದೇ ಪದದ ಮೇಲೆ ಓಡುತ್ತಿವೆ!

ಚಂದ್ರನ ಮುಂದಿನ ಮನೆಯಲ್ಲಿ ಗ್ರಹ ಇದ್ದರೆ? ಸುನಫಾ ಯೋಗ. ಇದು ಗ್ರೀಕಿನ ಸಿನಾಫೆ, ಕೂಡುವಿಕೆ. ಅದೇ ಬೇರಿನಿಂದ 1897ರಲ್ಲಿ ಒಂದು ಇಂಗ್ಲಿಷ್ ಪದ ಕಟ್ಟಿದರು: ಸಿನಾಪ್ಸ್. ನಿಮ್ಮ ಮಿದುಳಿನ ನರಗಳು ಒಂದಕ್ಕೊಂದು ಸುದ್ದಿ ದಾಟಿಸುವ ಜಾಗ! ಈ ಸಾಲು ಓದುವಾಗ ನಿಮ್ಮ ತಲೆಯಲ್ಲಿ ಕೋಟಿಗಟ್ಟಲೆ ಸುನಫಾ ಯೋಗ ನಡೆಯುತ್ತಿದೆ.

ಎರಡೂ ಬದಿಯಲ್ಲಿ ಗ್ರಹ ಇದ್ದರೆ ದುರುಧರಾ. ಗ್ರೀಕಿನ ದೊರಿಫೊರಿಯ. ಅಂದರೆ ಈಟಿ ಹಿಡಿದ ಅಂಗರಕ್ಷಕರ ಕಾವಲು! ಚಂದ್ರರಾಜನ ಎಡಬಲಕ್ಕೆ ಈಟಿಯವರು. ಇದರ ಇಂಗ್ಲಿಷ್ ಸಂಬಂಧಿ ಡೊರಿಫೋರ್. ಅರ್ಥ ಏನಿರಬಹುದು? ಸೈನಿಕ? ಅಲ್ಲವೇ ಅಲ್ಲ! ಬೇರೆಯವರ ಚಿಲ್ಲರೆ ತಪ್ಪುಗಳನ್ನು ಹೆಕ್ಕಿ ಹೆಕ್ಕಿ ಎತ್ತಿ ತೋರಿಸುವವ! ಫ್ರೆಂಚರು ಆಲೂಗಡ್ಡೆ ಗಿಡ ತಿನ್ನುವ ಒಂದು ದುಂಬಿಗೆ ಆ ಹೆಸರಿಟ್ಟಿದ್ದರು. ಹೆರಾಲ್ಡ್ ನಿಕಲ್ಸನ್ ಎಂಬ ಇಂಗ್ಲಿಷ್ ಲೇಖಕ ಅದನ್ನು ತಪ್ಪು ಹುಡುಕುವವರಿಗೆ ಅಂಟಿಸಿದ. ನಿಮ್ಮ ವಾಟ್ಸಾಪ್ ಗುಂಪಿನಲ್ಲಿ ಯಾರ ಮುಖ ನೆನಪಾಯಿತು, ನಾನು ಕೇಳುವುದಿಲ್ಲ.

ಇದೆಲ್ಲ ಯಾರೋ ಕದ್ದುಮುಚ್ಚಿ ತಂದ ಸರಕಲ್ಲ. 6ನೇ ಶತಮಾನದ ವರಾಹಮಿಹಿರ ಯವನರ, ಅಂದರೆ ಗ್ರೀಕರ, ಜ್ಯೋತಿಷ ಜ್ಞಾನವನ್ನು ಬಾಯ್ತುಂಬ ಹೊಗಳಿದವನು. ತನ್ನ ಬೃಹಜ್ಜಾತಕದಲ್ಲಿ ರಾಶಿಗಳಿಗೆ ಎರಡನೆಯ ಹೆಸರುಗಳನ್ನೇ ಕೊಡುತ್ತಾನೆ. ಮೇಷಕ್ಕೆ ಕ್ರಿಯ, ವೃಷಭಕ್ಕೆ ತಾವುರಿ, ಸಿಂಹಕ್ಕೆ ಲೇಯ. ಗ್ರೀಕರ ಕ್ರಿಯೊಸ್, ತೌರೊಸ್, ಲೆಯೊನ್! ಕನ್ಯಾ ರಾಶಿ ಪಾಥೋನ, ಅಂದರೆ ಪಾರ್ಥೆನೊಸ್, ಕನ್ಯೆ. ಗಂಡಿನ ನೆರವಿಲ್ಲದೆ ಕೆಲವು ಹಲ್ಲಿಗಳು ಮರಿ ಮಾಡುವುದಕ್ಕೆ ಪಾರ್ಥೆನೊಜೆನೆಸಿಸ್ ಅನ್ನುವುದು ಇದರಿಂದಲೇ. ಮೀನ ರಾಶಿ ಇತ್ಥ, ಇಖ್ಥಿಸ್. ಮೀನಿನ ಶಾಸ್ತ್ರಕ್ಕೆ ಇಕ್ತಿಯಾಲಜಿ.

ಧನು ರಾಶಿಗೆ ಬನ್ನಿ. ವರಾಹಮಿಹಿರನ ಬಾಯಲ್ಲಿ ಅದು ತೌಕ್ಷಿಕ, ಗ್ರೀಕಿನ ತೊಕ್ಸೊತೆಸ್, ಬಿಲ್ಲುಗಾರ. ತೊಕ್ಸೊನ್ ಅಂದರೆ ಬಿಲ್ಲು. ಗ್ರೀಕರು ಬಾಣದ ಮೊನೆಗೆ ಸವರುವ ವಿಷವನ್ನು 'ಬಿಲ್ಲಿನದ್ದು' ಅಂತ ಕರೆದರು. ಬಿಲ್ಲು ಹೋಯಿತು, ಬಾಣವೂ ಹೋಯಿತು, ವಿಷ ಮಾತ್ರ ಉಳಿಯಿತು. ಟಾಕ್ಸಿಕ್! ಸಿನೆಮಾ ನೆನಪಾಯಿತೇ? ಇಡೀ ಪದದಲ್ಲಿ ವಿಷದ ಒಂದು ಹನಿಯೂ ಇಲ್ಲ. ಇರುವುದು ಬರೀ ಬಿಲ್ಲು. ಬಿಲ್ವಿದ್ಯೆಯ ಮರುಳನಿಗೆ ಇಂಗ್ಲಿಷಿನಲ್ಲಿ ಟಾಕ್ಸೊಫಿಲೈಟ್ ಅಂತ ಈಗಲೂ ಒಂದು ಪದ ಇದೆ. ಕೇಳಿದವರು ಪೊಲೀಸರಿಗೆ ಫೋನ್ ಮಾಡದಿದ್ದರೆ ಪುಣ್ಯ.

ಕುಂಭ ರಾಶಿಯನ್ನು ಬೇಕೆಂದೇ ಕೊನೆಗೆ ಇಟ್ಟುಕೊಂಡೆ. ಗ್ರೀಕಿನಲ್ಲಿ ಹಿದ್ರೊಖೊಯೊಸ್, ನೀರು ಸುರಿಯುವವ. ಸಂಸ್ಕೃತದ ಕಿವಿಗೆ ಅದು ಹೇಗೆ ಬಿತ್ತು? ಹೃದ್ರೋಗ! ಎದೆಕಾಯಿಲೆ! ನಿಮ್ಮದು ಕುಂಭ ರಾಶಿಯೇ? ಗಾಬರಿ ಬೇಡ. ಅದು ಬರೀ ನೀರು. ಹೈಡ್ರೋಜನ್, ಹೈಡ್ರಾಂಟ್, ಹೈಡ್ರೊಫೋಬಿಯ ಎಲ್ಲದರಲ್ಲೂ ಇರುವ ನೀರು.

ಇಷ್ಟು ಹೊತ್ತು ಅಲ್ಲಿಂದ ಇಲ್ಲಿಗೆ ಬಂದದ್ದಾಯಿತು. ಈಗ ಉಲ್ಟಾ ಹೊಡೆಯುವ!

ಶುಂಠಿಯ ವೈಜ್ಞಾನಿಕ ಹೆಸರು ಗೊತ್ತೇ? ಜಿಂಜಿಬರ್ ಅಫಿಸಿನಾಲೆ. ಇಂಗ್ಲಿಷ್ ಜಿಂಜರ್, ಲ್ಯಾಟಿನ್ ಜಿಂಗಿಬೆರ್, ಗ್ರೀಕ್ ಜಿಂಗಿಬೆರಿಸ್. ನಿಘಂಟುಗಳು ಒಂದು ಕಾಲದಲ್ಲಿ ಗ್ರೀಕಿಗೆ ಬಂದು ನಿಲ್ಲುತ್ತಿದ್ದವು. ನೀವು ಇನ್ನೊಂದು ಹೆಜ್ಜೆ ಹಿಂದೆ ಹೋಗಿ. ಪಾಳಿಯಲ್ಲಿ ಸಿಂಗಿವೇರ. ಅದಕ್ಕೂ ಹಿಂದೆ? ದ್ರಾವಿಡ! ಇಂಜಿ ಎಂಬ ಗಿಡದ ವೇರು. ವೇರು ಅಂದರೆ ನಮ್ಮ ಬೇರು! ಲಂಡನ್ನಿನಿಂದ ಟೋಕಿಯೊವರೆಗೆ ಸಸ್ಯಶಾಸ್ತ್ರಜ್ಞರು ಜಿಂಜಿಬರ್ ಎಂದಾಗಲೆಲ್ಲ ಕೊನೆಯಲ್ಲಿ ತಿಳಿಯದೆಯೇ 'ಬೇರು' ಅನ್ನುತ್ತಿದ್ದಾರೆ. ಪೆಪ್ಪರ್ ಕೂಡ ಹೀಗೆಯೇ ಗ್ರೀಕರ ಪೆಪೆರಿಯ ಮೂಲಕ ಹೋದದ್ದು. ಅದರ ಮೂಲ ಪಿಪ್ಪಲಿ, ನಮ್ಮ ಹಿಪ್ಪಲಿ.

ಮತ್ತೆ ಈಗ ದೊಡ್ಡದು. ಕೂತುಕೊಂಡು ಓದಿ!

ಈಜಿಪ್ಟಿನ ಆಕ್ಸಿರಿಂಕಸ್ ಎಂಬ ಹಾಳೂರು. ಅಲ್ಲಿನ ಕಸದ ದಿಬ್ಬಗಳನ್ನು ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ಇಬ್ಬರು ಅಗೆದರು. ಸಿಕ್ಕಿದ್ದು ರಾಶಿ ರಾಶಿ ಪಪೈರಸ್. 413ನೇ ನಂಬರಿನ ತುಂಡಿನಲ್ಲಿ ಒಂದು ಗ್ರೀಕ್ ಪ್ರಹಸನ. ಅವರು 1903ರಲ್ಲಿ ಅದನ್ನು ಅಚ್ಚು ಹಾಕಿದರು. ಕಥೆ ಕೇಳಿ. ಖಾರಿತಿಯೊನ್ ಎಂಬ ಗ್ರೀಕ್ ಹುಡುಗಿ ಇಂಡಿಯಾದ ಕಡಲ ದಂಡೆಯಲ್ಲಿ, ಚಂದ್ರದೇವಿ ಸೆಲೆನೆಯ ಗುಡಿಯಲ್ಲಿ ಸೆರೆಯಾಗಿದ್ದಾಳೆ. ಅಣ್ಣ ಹಡಗು ಕಟ್ಟಿಕೊಂಡು ಬರುತ್ತಾನೆ. ಇಲ್ಲಿನ ರಾಜನಿಗೆ ನೀರು ಬೆರೆಸದ ದ್ರಾಕ್ಷಾರಸ ಕುಡಿಸಿ, ಕಟ್ಟಿಹಾಕಿ, ತಂಗಿಯನ್ನು ಕರೆದುಕೊಂಡು ಪರಾರಿ!

ನಡುವೆ ಒಬ್ಬ ಕೋಡಂಗಿ, ಥೇಟ್ ನಮ್ಮ ಯಕ್ಷಗಾನದ ಹಾಸ್ಯಗಾರ. ಶತ್ರುಗಳ ಮೇಲೆ ಅವನು ಬಿಡುವ ಅಸ್ತ್ರ ಯಾವುದು ಗೊತ್ತೇ? ಹೇಳಲು ನಾಚಿಕೆ. ಹೂಸು! ಎಲ್ಲಿ ಬಿಡಬೇಕು ಅಂತ ಪಪೈರಸ್ಸಿನಲ್ಲೇ ಗುರುತು ಹಾಕಿದ್ದಾರೆ. ಎಲ್ಲಿ ಮದ್ದಳೆ ಬಾರಿಸಬೇಕು ಅಂತಲೂ ಇದೆ. ಆ ವಾದ್ಯ ತಿಂಪನೊನ್. ನಿಮ್ಮ ಕಿವಿಯ ತಮಟೆಗೆ ವೈದ್ಯರು ಟಿಂಪನಮ್ ಅನ್ನುವುದು ಇದಕ್ಕೇ.

ಆದರೆ ರಾಜ ಮತ್ತವನ ಜನ ಆಡುವುದು ಗ್ರೀಕ್ ಅಲ್ಲ! ಗ್ರೀಕ್ ಅಕ್ಷರದಲ್ಲಿ ಬರೆದ ಬೇರೆ ಯಾವುದೋ ಭಾಷೆ. ಯಾವುದು? 1904ರಲ್ಲಿ ಜರ್ಮನ್ ಶಾಸನತಜ್ಞ ಹುಲ್ಷ್ ಹೇಳಿದ: ಇದು ಕನ್ನಡ!

ಬೇರೆ, ಕೊಂಚ, ಮಧು, ಪಾತ್ರ, ಹಾಕಿ. ಕುಡಿತದ ದೃಶ್ಯದಲ್ಲಿ ಅವನು ಓದಿದ ಪದಗಳು ಇವು. ಮೈ ಜುಂ ಅನ್ನುವುದಿಲ್ಲವೇ? ನಮ್ಮ ಹಲ್ಮಿಡಿ ಶಾಸನ ಸುಮಾರು 450ರದ್ದು. ಈ ಪಪೈರಸ್ 2ನೇ ಶತಮಾನದ್ದು! ಗ್ರೀಕಿನ ಮೆಥು ಎಂಬ ಮದ್ಯವೂ ನಮ್ಮ ಮಧುವೂ ಒಂದೇ ಮೂಲದವು. ನೇರಳೆ ಬಣ್ಣದ ಅಮೆಥಿಸ್ಟ್ ಹರಳಿನ ಹೆಸರಿನ ಅರ್ಥ 'ಅಮಲೇರದ್ದು'. ಅದನ್ನು ಧರಿಸಿದರೆ ತಲೆಗೇರುವುದಿಲ್ಲ ಎಂದು ಗ್ರೀಕರು ನಂಬಿದ್ದರು. ಆ ಬಡ ರಾಜನ ಬೆರಳಲ್ಲಿ ಒಂದು ಇದ್ದಿದ್ದರೆ!

ಇನ್ನೊಂದು ಕಾಣಿ. 'ಹಾಕಿ' ಎಂದು ಹುಲ್ಷ್ ಓದಿದ ಜಾಗದಲ್ಲಿ ಗ್ರೀಕ್ ಬರಹ ಶುರುವಾಗುವುದು ಹಕಾರದಿಂದಲ್ಲ, ಪಕಾರದಿಂದ. ಪಾಲು ಹಾಲಾದದ್ದು, ಪೂ ಹೂವಾದದ್ದು ಬಹಳ ತಡವಾಗಿ. 2ನೇ ಶತಮಾನದಲ್ಲಿ ಪಕಾರವೇ ಇರಬೇಕು. ಇದೆ!

ಮಂಜೇಶ್ವರದ ಗೋವಿಂದ ಪೈಗಳು ಗ್ರೀಕ್ ಬಲ್ಲವರು. ಅವರೂ ಈ ನಾಟಕದ ಬೆನ್ನು ಹತ್ತಿದರು. 'ಮಲ್ಪಿನಿಯಕ್' ಎಂಬ ಒಂದು ತುಣುಕಿನಲ್ಲಿ ಕೆಲವರು ಮಲ್ಪೆಯ ನಾಯಕನನ್ನು ಕಂಡರು. ನಮ್ಮ ಕರಾವಳಿಯ ಮಲ್ಪೆಯೇ! ತುಳು ಬಲ್ಲವರ ಕಿವಿಗೆ ಅದೇ ತುಣುಕು 'ಮಲ್ಪುನಿ', ಅಂದರೆ ಮಾಡುವುದು, ಎಂದು ಕೇಳಿಸುತ್ತದೆ. ಇಡೀ ನಾಟಕವೇ ತುಳು ನಾಡಿನದು ಎಂದು ವಾದಿಸಿದವರೂ ಇದ್ದಾರೆ.

ಎಲ್ಲರೂ ಒಪ್ಪಿದರೇ? ಇಲ್ಲ. ಬ್ರಿಟಿಷ್ ಮ್ಯೂಸಿಯಮ್ಮಿನ ಕನ್ನಡ ಪುಸ್ತಕಗಳ ಪಟ್ಟಿ ಮಾಡಿದ್ದ ಬಾರ್ನೆಟ್, 1926ರಲ್ಲಿ ಇದು ಕನ್ನಡವೇ ಅಲ್ಲ ಎಂದು ತಳ್ಳಿಹಾಕಿದ. ಬರೀ ನಗಿಸುವ ಗಿಜಿಬಿಜಿ ಎಂದವರೂ ಉಂಟು. ನನ್ನನ್ನು ಕೇಳಿದರೆ 'ಕೊಂಚ' ಇಷ್ಟು ಸಲೀಸಾಗಿ ಸಿಕ್ಕಿದ್ದೇ ಸಂಶಯ. ಆದರೆ ಆ ಪಕಾರ ಮಾತ್ರ ನಿದ್ದೆ ಕೆಡಿಸುತ್ತದೆ.

ಹುಲ್ಷ್ ಅರ್ಥ ಹೇಳಿದ್ದು ಕೆಲವೇ ಸಾಲುಗಳಿಗೆ. ರಾಜನ ಮಾತಿನ ಬಹುಪಾಲು ಇನ್ನೂ ಯಾರಿಗೂ ಬಗೆಹರಿದಿಲ್ಲ. ಪಠ್ಯ 1903ರಿಂದ ಅಚ್ಚಿನಲ್ಲಿದೆ. ಗ್ರೀಕ್ ಅಕ್ಷರಮಾಲೆಯಲ್ಲಿರುವುದು ಬರೀ 24 ಅಕ್ಷರ, ವಾರದೊಳಗೆ ಕಲಿಯಬಹುದು. ಹುಲ್ಷ್‌ಗೆ ಕುಂದಾಪುರ ಕನ್ನಡ ಬರುತ್ತಿತ್ತೇ? ಬಾರ್ನೆಟ್‌ಗೆ ಕೋಟದ ಮಾತು ಕೇಳಿ ಗೊತ್ತಿತ್ತೇ? ನಿಮಗೆ ಗೊತ್ತಿದೆ. ಗಟ್ಟಿಯಾಗಿ ಓದಿ ಕಾಣಿ, ಮಾರಾಯ್ರೆ!