ಏಳಿಂಚಿನ ದೀಪ

ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಅಂಬಾಸಿಡರ್ ಕಾರಿನ ಕ್ಲಚ್ ಪ್ಲೇಟ್ ಕೇಳಿದರೆ ಯಾರೂ ಹುಬ್ಬೇರಿಸುವುದಿಲ್ಲ. ಬ್ರೇಕ್ ಲೈನಿಂಗ್, ವಾಟರ್ ಪಂಪ್, ಫ್ಯಾನ್ ಬೆಲ್ಟ್ ಎಲ್ಲವೂ ಯಾವುದೋ ಅಂಗಡಿಯ ಅಟ್ಟದಿಂದ ಇಳಿದು ಬರುತ್ತವೆ. ಆದರೆ ಹೆಡ್‌ಲೈಟಿನ ಸುತ್ತ ಕೂರುವ ಕ್ರೋಮ್ ರಿಮ್ಮು ಕೇಳಿ ನೋಡಿ. ‘ಯಾವ ಮಾರ್ಕ್ ಸಾರ್?’ ಎಂಬ ಪ್ರಶ್ನೆ ಮೊದಲು ಬರುತ್ತದೆ. ಉತ್ತರ ಕೇಳಿದ ಮೇಲೆ, ‘ಗುಜರೀಲಿ ನೋಡಿ’ ಎಂಬ ಸಲಹೆ.

ಹಳೆಯ ಕಾರು ಸಾಕುವವರಿಗೆ ಇದು ಗೊತ್ತಿರುವ ವಿಚಾರ. ಓಡುವುದಕ್ಕೆ ಬೇಕಾದ ಭಾಗ ಸಿಗುತ್ತದೆ, ಚಹರೆಗೆ ಬೇಕಾದ್ದು ಸಿಗುವುದಿಲ್ಲ. ಅಂಬಾಸಿಡರ್ ಮಟ್ಟಿಗೆ ಇದಕ್ಕೆ ಕಾರಣವಿದೆ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ ಮೂರರ ಅಚ್ಚಿನಲ್ಲಿ ಹಿಂದುಸ್ತಾನ್ ಮೋಟಾರ್ಸ್ ಈ ಕಾರನ್ನು 1950ರ ದಶಕದ ಕೊನೆಯಿಂದ 2014ರವರೆಗೆ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ತಯಾರಿಸಿತು. ಟ್ಯಾಕ್ಸಿ, ಸರ್ಕಾರಿ ಕಚೇರಿ, ಮಂತ್ರಿಗಳ ಮನೆ ಎಲ್ಲ ಕಡೆ ಅದೇ ಕಾರು. ಹೀಗಾಗಿ ಸವೆಯುವ ಭಾಗಗಳನ್ನು ಸಣ್ಣಪುಟ್ಟ ಕಾರ್ಖಾನೆಗಳೂ ತಯಾರಿಸುತ್ತ ಬಂದವು. ಹಳೆಯ ಮಾದರಿಗಳ 1,489 ಸಿಸಿ ಪೆಟ್ರೋಲ್ ಎಂಜಿನ್ನಂತೂ ಬ್ರಿಟನ್ನಿನ ಬಿಎಂಸಿ ಬಿ-ಸೀರೀಸ್ ವಂಶದ್ದು. ಅಲ್ಲಿನ ಎಂಜಿ ಸ್ಪೋರ್ಟ್ಸ್ ಕಾರುಗಳಿಗೂ ಅದೇ ಎಂಜಿನ್ ಇದ್ದದ್ದರಿಂದ, ಎಂಜಿಯ ಅಭಿಮಾನಿಗಳಿಗಾಗಿ ಇಂದಿಗೂ ತಯಾರಾಗುವ ಕೆಲವು ಭಾಗಗಳು ನಮ್ಮ ಅಂಬಾಸಿಡರಿಗೂ ಒದಗುತ್ತವೆ. ಗ್ರಿಲ್, ರಿಮ್ಮು, ಬಾಗಿಲ ಹಿಡಿ, ಮೀಟರಿನ ಮುಖಗಳ ಕಥೆ ಬೇರೆ. ಮಾರ್ಕ್ ಒಂದರಿಂದ ನಾಲ್ಕರವರೆಗೆ, ಆಮೇಲೆ ನೋವಾ, ಗ್ರ್ಯಾಂಡ್ ಎಂದು ಹೆಸರು ಬದಲಾದಾಗಲೆಲ್ಲ ಇಂಥವುಗಳಲ್ಲಿ ಏನಾದರೊಂದು ಬದಲಾಯಿತು. ಹಳೆಯದನ್ನು ಮತ್ತೆ ತಯಾರಿಸುವ ಗರಜು ಯಾರಿಗೂ ಇರಲಿಲ್ಲ.

ಅಲ್ಲಿಂದ ದಾರಿ ಶಿವಾಜಿನಗರದ ಗುಜರಿಗೆ. ದೆಹಲಿಗೆ ಮಾಯಾಪುರಿ, ಕೋಲ್ಕತ್ತಕ್ಕೆ ಮಲ್ಲಿಕ್ ಬಜಾರ್, ಚೆನ್ನೈಗೆ ಪುದುಪೇಟೆ ಇದ್ದಂತೆ ಬೆಂಗಳೂರಿಗೆ ಇದು. ಕಾರುಗಳನ್ನು ಬಿಚ್ಚಿ ರಾಶಿ ಹಾಕುವ ಈ ಗಲ್ಲಿಗಳಲ್ಲಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಡುಕಬೇಕು. ಅಂಗಡಿಯವರ ಭಾಷೆಯಲ್ಲಿ ಮಾಲು ಮೂರು ಬಗೆ. ಕಂಪನಿಯ ಡಬ್ಬದಲ್ಲೇ ಉಳಿದುಹೋದ ‘ಓಲ್ಡ್ ಸ್ಟಾಕ್’, ಕಾರಿನಿಂದ ಬಿಚ್ಚಿದ ‘ಒರಿಜಿನಲ್’, ಮತ್ತು ‘ಡೂಪ್ಲಿಕೇಟ್’. ಡೂಪ್ಲಿಕೇಟಿನ ತಗಡು ತೆಳು, ಕ್ರೋಮು ಇನ್ನೂ ತೆಳು. ಒಂದೇ ಮಳೆಗಾಲಕ್ಕೆ ತುಕ್ಕಿನ ಚುಕ್ಕೆ ಏಳುತ್ತದೆ. ಡೊಂಕಾದ ಒರಿಜಿನಲ್ ಸಿಕ್ಕರೂ ಅದನ್ನೇ ಕೊಂಡು ಟಿಂಕರ್ ಹತ್ತಿರ ತಟ್ಟಿಸಿ ಪ್ಲೇಟಿಂಗ್ ಮಾಡಿಸುವುದು ವಾಸಿ ಎಂಬುದು ನನ್ನ ಪಕ್ಷ. ದುಡ್ಡು ಜಾಸ್ತಿ ಬೀಳುತ್ತದೆ, ನಿಜ.

ರಿಮ್ಮಿನೊಳಗಿನ ದೀಪಕ್ಕೆ ಬಂದರೆ ಪರಿಸ್ಥಿತಿ ಪೂರ್ತಿ ಉಲ್ಟಾ. ಅಂಬಾಸಿಡರಿನದು ಏಳು ಇಂಚಿನ, ಅಂದರೆ 178 ಮಿಲಿಮೀಟರಿನ ದುಂಡು ದೀಪ. ಜೀಪು, ಲ್ಯಾಂಡ್ ರೋವರ್, ಎನ್‌ಫೀಲ್ಡ್ ಬುಲೆಟ್ಟು ಎಲ್ಲಕ್ಕೂ ಇದೇ ಅಳತೆ. 1940ರಲ್ಲಿ ಅಮೆರಿಕದಲ್ಲಿ ಕಾರುಗಳಿಗೆ ಸೀಲ್ಡ್ ಬೀಮ್ ದೀಪ ಬಂದಾಗ ಗಟ್ಟಿಯಾದ ಈ ಅಳತೆ ಜಗತ್ತಿನಾದ್ಯಂತ ಹಬ್ಬಿತು. ಜೈಪುರದ ಆಟೋಲೈಟ್, ಆಟೋಪಾಲ್ ಕಂಪನಿಗಳು ತಯಾರಿಸಿದ ಏಳಿಂಚಿನ ದೀಪಗಳು ವಿದೇಶಗಳ ಹಳೆಯ ಕಾರುಗಳಲ್ಲೂ ಉರಿಯುತ್ತವೆ.

ಸೀಲ್ಡ್ ಬೀಮ್ ಎಂದರೆ ಗಾಜು, ಕನ್ನಡಿ, ತಂತಿ ಮೂರೂ ಸೇರಿ ಒಂದೇ ದೊಡ್ಡ ಬಲ್ಬು. ಒಳಗೆ ಧೂಳು, ತೇವ ಹೋಗದು. ತಂತಿ ಹರಿದರೆ ಮಾತ್ರ ಇಡೀ ದೀಪವನ್ನೇ ಎಸೆಯಬೇಕು. ಇನ್ನೊಂದು ಬಗೆಯಲ್ಲಿ ಗಾಜು–ಕನ್ನಡಿ ಅಂಟಿಕೊಂಡಿರುತ್ತವೆ, ಬಲ್ಬನ್ನು ಹಿಂದಿನಿಂದ ಬದಲಾಯಿಸಬಹುದು. ನಮ್ಮ ಗ್ಯಾರೇಜುಗಳಲ್ಲಿ ಇದಕ್ಕೆ ‘ಡೂಮ್’ ಎನ್ನುತ್ತಾರೆ. ಹಿಂದೆ ಇದಕ್ಕೆ 45/40 ವ್ಯಾಟಿನ ಸಾದಾ ಬಲ್ಬು ಬರುತ್ತಿತ್ತು; 1970ರ ದಶಕದಿಂದೀಚೆಗೆ ಯುರೋಪಿನಲ್ಲಿ ಹಬ್ಬಿದ ಎಚ್-4 ಹ್ಯಾಲೊಜೆನ್ 60/55 ವ್ಯಾಟಿನದು. ಸಾದಾ ಬಲ್ಬಿನಲ್ಲಿ ತಂತಿಯ ಲೋಹ ಆವಿಯಾಗಿ ಗಾಜಿನೊಳಗೆ ಕಪ್ಪಾಗಿ ಕೂರುತ್ತದೆ. ಹ್ಯಾಲೊಜೆನ್ ಅನಿಲ ಆ ಲೋಹವನ್ನು ಮತ್ತೆ ತಂತಿಗೇ ಮುಟ್ಟಿಸುವುದರಿಂದ ಬಲ್ಬು ಕಪ್ಪಗಾಗುವುದಿಲ್ಲ. ಹ್ಯಾಲೊಜೆನ್ ಬಲ್ಬಿನ ಗಾಜನ್ನು ಬರಿಗೈಯಲ್ಲಿ ಮುಟ್ಟಬಾರದು. ಬೆರಳಿನ ಜಿಡ್ಡು ಕೂತ ಜಾಗ ವಿಪರೀತ ಕಾದು ಬಲ್ಬು ಬೇಗ ಸಾಯುತ್ತದೆ.

‘ಲೈಟು ಮಂಕಾಗಿದೆ, ನೂರು ವ್ಯಾಟಿಂದು ಹಾಕಿ’ ಎಂದು ಬರುವ ಗಿರಾಕಿಗಳೇ ಜಾಸ್ತಿ. ಅನುಭವಿ ಆಟೋ ಎಲೆಕ್ಟ್ರಿಷಿಯನ್ ಬಲ್ಬಿಗೆ ಕೈ ಹಾಕುವ ಮೊದಲು ಅರ್ತ್ ನೋಡುತ್ತಾನೆ. ದೀಪದಿಂದ ವಾಪಸು ಬರುವ ಕರೆಂಟು ಬಾಡಿಯ ತಗಡಿನ ಮೂಲಕ ಬ್ಯಾಟರಿ ಸೇರಬೇಕು. ಮುಂದಿನ ಚಕ್ರ ಎರಚಿದ ಕೆಸರು ದೀಪ ಕೂರುವ ಬೋಗುಣಿಯ ಬೆನ್ನಿಗೆ ಮೆತ್ತಿ, ಅರ್ತ್ ತಂತಿಯ ಸ್ಕ್ರೂವಿನ ಬುಡದಲ್ಲೇ ತುಕ್ಕು ಹಿಡಿದಿರುತ್ತದೆ. ಸ್ಯಾಂಡ್‌ಪೇಪರಿನಿಂದ ಉಜ್ಜಿ ಬಿಗಿ ಮಾಡಿದರೆ ಅರ್ಧ ರೋಗ ಅಲ್ಲೇ ವಾಸಿ. ಬೆಳಕು ವೋಲ್ಟೇಜಿಗೆ ತಕ್ಕಂತೆ ಸಮಸಮವಾಗಿ ಇಳಿಯುವುದಿಲ್ಲ. ವೋಲ್ಟೇಜ್ ಶೇ 10ರಷ್ಟು ಕುಸಿದರೆ ಬೆಳಕು ಸುಮಾರು ಶೇ 30ರಷ್ಟು ಕುಸಿಯುತ್ತದೆ.

ಎರಡನೆಯ ಗುಮಾನಿ ಸ್ವಿಚ್ಚಿನ ಮೇಲೆ. ಹಳೆಯ ಕಾರುಗಳಲ್ಲಿ ದೀಪದ ಅಷ್ಟೂ ಕರೆಂಟು ಡ್ಯಾಶ್‌ಬೋರ್ಡಿನ ಸ್ವಿಚ್ಚು, ಡಿಪ್ಪರ್ ಎಲ್ಲ ಸುತ್ತಿಕೊಂಡು ಬರುತ್ತದೆ. ನಡುವೆ ರಿಲೇ ಹಾಕಿ, ದಪ್ಪ ತಂತಿಯಲ್ಲಿ ಬ್ಯಾಟರಿಯಿಂದ ನೇರ ಕರೆಂಟು ಕೊಟ್ಟರೆ ಅದೇ ಬಲ್ಬು ಬೇರೆಯೇ ಬಲ್ಬಿನಂತೆ ಉರಿಯುತ್ತದೆ. ಡೈನಮೋ ಇರುವ ಕಾರಾದರೆ ಇನ್ನೊಂದು ಮಿತಿಯಿದೆ. ಅದು ಪೂರ್ತಿ ವೇಗದಲ್ಲಿ ತಿರುಗಿದಾಗ ಕೊಡುವುದೇ ಸುಮಾರು 20 ಆಂಪಿಯರ್; ಸಿಗ್ನಲ್ಲಿನಲ್ಲಿ ನಿಂತಾಗ ಹೆಚ್ಚುಕಡಿಮೆ ಏನೂ ಇಲ್ಲ. ಎರಡು ಎಚ್-4 ಬಲ್ಬುಗಳೇ ಹತ್ತು ಆಂಪಿಯರ್ ಎಳೆಯುತ್ತವೆ. ಹೀಗಿರುವಾಗ ನೂರು ವ್ಯಾಟಿನ ಬಲ್ಬು ತುರುಕಿದರೆ ಮೊದಲು ಕರಗುವುದು ಹೋಲ್ಡರ್. ಎಲ್‌ಇಡಿ ಬಲ್ಬು ಚುರುಕಾಗಿ ಕಂಡರೂ ಈ ಕನ್ನಡಿಗೆ ಹೊಂದುವಂಥದಲ್ಲ. ತಂತಿ ಎಲ್ಲಿ ಉರಿಯಬೇಕೋ ಆ ಬಿಂದುವಿಗೆ ಕೊರೆದ ಕನ್ನಡಿ ಅದು. ಬೆಳಕಿನ ಮೂಲ ಕೂದಲೆಳೆಯಷ್ಟು ಸರಿದರೂ ಬೆಳಕು ಎದುರಿನವನ ಕಣ್ಣಿಗೆ ಚೆಲ್ಲುತ್ತದೆ.

ಇನ್ನು ಆ ಕನ್ನಡಿ. ಇದರ ಹೊಳಪು ಬಹಳ ತೆಳುವಾದ ಅಲ್ಯೂಮಿನಿಯಂ ಪದರದ್ದು. ಒಳಗೆ ಬಟ್ಟೆ ತೂರಿಸಿ ಒರೆಸಿದರೆ ಧೂಳಿನ ಜೊತೆ ಹೊಳಪೂ ಬರುತ್ತದೆ. ಮಂಕಾದ ಡೂಮನ್ನು ಬದಲಿಸುವುದೇ ಸರಿ. ಶ್ರೀರಂಗಪಟ್ಟಣದ ಬಳಿಯ ‘ಪಯಣ’ ಮತ್ತು ಧರ್ಮಸ್ಥಳದ ಕಾರು ಸಂಗ್ರಹಾಲಯಗಳಲ್ಲಿ ಕಾಣುವಂಥ ಇನ್ನೂ ಹಳೆಯ ಕಾರುಗಳಿಗೆ ಈ ಅನುಕೂಲವಿಲ್ಲ. ಆ ಕಾಲದ ಒಳ್ಳೆಯ ದೀಪಗಳ ಕನ್ನಡಿ ಹಿತ್ತಾಳೆಯದು, ಮೇಲೆ ಬೆಳ್ಳಿಯ ಲೇಪ. ಬೆಳ್ಳಿ ಕಪ್ಪಾಗಿದೆಯೆಂದು ಕ್ರೋಮ್ ಹಾಕಿಸುವವರಿದ್ದಾರೆ. ನೋಡಲು ಫಳಫಳ, ಉಪಯೋಗಕ್ಕೆ ನಷ್ಟ: ಬೆಳ್ಳಿ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಶೇ 90ಕ್ಕಿಂತ ಹೆಚ್ಚನ್ನು ವಾಪಸು ಕೊಟ್ಟರೆ ಕ್ರೋಮು ಕೊಡುವುದು ಮೂರರಲ್ಲಿ ಎರಡು ಪಾಲು. ಮತ್ತೆ ಬೆಳ್ಳಿಯನ್ನೇ ಹಾಕಿಸಬೇಕು. ಗಾಜಿನ ವಿಷಯದಲ್ಲಿ ಮಾತ್ರ ಹಳೆಯ ಕಾರಿನವರು ಪುಣ್ಯವಂತರು. ಈಗಿನ ಕಾರುಗಳ ಪ್ಲಾಸ್ಟಿಕ್ ಮುಖ ಬಿಸಿಲಿಗೆ ಹಳದಿಯಾಗುತ್ತದೆ, ಇವರ ಗಾಜಿಗೆ ಸೋಪಿನ ನೀರು ಸಾಕು. ಗಾಜಿನ ಮೇಲರ್ಧಕ್ಕೆ, ಪೊಲೀಸರು ಹಚ್ಚಿಸುತ್ತಿದ್ದ ಕಾಲದ ಕಪ್ಪು ಬಣ್ಣವಿದ್ದರೆ ಅದನ್ನು ಕೆರೆಯಬೇಕೋ ನೆನಪಿಗೆ ಉಳಿಸಬೇಕೋ ಎಂಬುದು ಮಾಲೀಕರಿಗೆ ಬಿಟ್ಟದ್ದು.

ವಿದೇಶದಿಂದ ಅಂದದ ದೀಪ ತರಿಸುವವರು ಗಾಜಿನ ಗೀರುಗಳನ್ನು ನೋಡಬೇಕು. ಎಡಗಡೆ ವಾಹನ ಓಡುವ ನಮ್ಮಲ್ಲಿ ಡಿಮ್ ಬೆಳಕು ಎಡಕ್ಕೆ ಏರಿ ರಸ್ತೆಯಂಚನ್ನು ತೋರಿಸಬೇಕು. ಫ್ರಾನ್ಸ್, ಜರ್ಮನಿಯ ದೀಪ ಬಲಕ್ಕೆ, ಎಂದರೆ ಎದುರು ಬರುವ ಲಾರಿಯವನ ಮುಖಕ್ಕೆ ಏರುತ್ತದೆ. ಯುರೋಪಿನ ‘ಇ’ ಗುರುತಿರುವ ಗಾಜಿನಲ್ಲಿ, ದೀಪಕ್ಕೆ ಎದುರಾಗಿ ನಿಂತವರ ಬಲಕ್ಕೆ ತೋರುವ ಬಾಣವಿದ್ದರೆ ಅದು ಎಡಬದಿಯ ಸಂಚಾರದ್ದು. ಬಾಣವೇ ಇಲ್ಲದಿದ್ದರೆ ಕೊಳ್ಳಬೇಡಿ.

ಮೂಲ ಭಾಗವನ್ನೇ ಹುಡುಕಲು ಇನ್ನೊಂದು ಕಾರಣವೂ ಇದೆ. 2021ರ ಕೇಂದ್ರ ನಿಯಮದ ಪ್ರಕಾರ, 50 ವರ್ಷ ದಾಟಿದ, ಮೂಲರೂಪ ಕೆಡದ ವಾಹನಕ್ಕೆ ವಿಂಟೇಜ್ ನೋಂದಣಿ ಸಿಗುತ್ತದೆ. ನಂಬರ್ ಪ್ಲೇಟಿನಲ್ಲಿ ರಾಜ್ಯದ ಅಕ್ಷರಗಳ ನಂತರ ‘ವಿಎ’ ಎಂದಿರುತ್ತದೆ. ಗುಜರಿಯ ಆ ಡೊಂಕು ರಿಮ್ಮಿಗೆ ಬೆಲೆ ಏರಿರುವುದರಲ್ಲಿ ಇದರ ಪಾಲೂ ಇರಬಹುದು.

ಎಲ್ಲ ಜೋಡಿಸಿದ ಮೇಲೆ ಗುರಿ ಹಿಡಿಯುವ ಕೆಲಸ. ಸಮತಟ್ಟು ನೆಲದಲ್ಲಿ, ಗೋಡೆಯಿಂದ ಹತ್ತು ಮೀಟರ್ ದೂರ ಕಾರು ನಿಲ್ಲಿಸಿ, ದೀಪದ ಎತ್ತರಕ್ಕೆ ಗೋಡೆಯ ಮೇಲೆ ಸುಣ್ಣದ ಗೆರೆ ಎಳೆಯಬೇಕು. ಡಿಮ್ ಬೆಳಕಿನ ಮೇಲಂಚು ಆ ಗೆರೆಗಿಂತ ಸುಮಾರು ಹತ್ತು ಸೆಂಟಿಮೀಟರ್ ಕೆಳಗೆ ಬೀಳುವಂತೆ ಮೇಲಿನ ಸ್ಕ್ರೂ, ಎಡಬಲಕ್ಕೆ ಪಕ್ಕದ ಸ್ಕ್ರೂ ತಿರುಗಿಸುವುದು. ಆದರೆ ಅಂಬಾಸಿಡರಿನ ಹಿಂಭಾಗ ನಿಂತಿರುವುದು ಪಟ್ಟಿ ಸ್ಪ್ರಿಂಗಿನ ಮೇಲೆ. ಹಿಂದಿನ ಸೀಟಿನಲ್ಲಿ ಭಾರ ಬಿದ್ದರೆ ಹಿಂದು ಕುಸಿದು ಮೂತಿ ಮೇಲೇಳುತ್ತದೆ, ಗುರಿಯೆಲ್ಲ ತಪ್ಪುತ್ತದೆ. ಅದಕ್ಕೇ ಹಳೆಯ ಎಲೆಕ್ಟ್ರಿಷಿಯನ್ನರು ಗ್ಯಾರೇಜಿನ ಹುಡುಗರಲ್ಲಿ ಇಬ್ಬರನ್ನು ಹಿಂದೆ ಕೂರಿಸಿಕೊಂಡೇ ಸ್ಕ್ರೂಡ್ರೈವರ್ ಹಿಡಿಯುತ್ತಾರೆ.