ಮನೆಯ ಮೋಟಾರಿನ ಮೈಕಾಂತಿ

ಹಿತ್ತಾಳೆಯ ಕೊಡವನ್ನು ಹುಣಿಸೆಹಣ್ಣು ಹಾಕಿ ಎಷ್ಟು ತಿಕ್ಕಿದರೂ ಚಿಂತೆಯಿಲ್ಲ. ಅದು ಮೇಲೂ ಹಿತ್ತಾಳೆ, ಒಳಗೂ ಹಿತ್ತಾಳೆ. ಆದರೆ ಕಲಾಯಿ ಹಾಕಿದ ಪಾತ್ರೆಯನ್ನು ಅದೇ ಕೈಯಿಂದ ಅದೇ ರಭಸದಲ್ಲಿ ತಿಕ್ಕಿದರೆ ಹೊಳಪಿನೊಡನೆ ಕಲಾಯಿಯೂ ಹೋಗುವುದು. ಇದನ್ನು ನಮ್ಮ ಮನೆಯ ಹೆಂಗಸರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮೋಟಾರು ಕಾರಿನ ಬಣ್ಣವು ಹಿತ್ತಾಳೆಯ ಜಾತಿಯದಲ್ಲ, ಕಲಾಯಿಯ ಜಾತಿಯದು ಎಂಬ ಮಾತು ಮಾತ್ರ ಗಂಡಸರಾದ ನಮಗೆ ಬಹುಕಾಲ ಹೊಳೆಯಲಿಲ್ಲ. ಹೊಳೆಯದೆ ಹೋದುದರಿಂದ ನಮ್ಮ ಮನೆಯಲ್ಲಿ ಆದ ನಷ್ಟವನ್ನೂ, ಅನಂತರ ಕಲಿತ ಪಾಠವನ್ನೂ ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ನಮ್ಮ ವಾಸ ಗೊರಗುಂಟೆಪಾಳ್ಯದಲ್ಲಿ. ತುಮಕೂರು ರಸ್ತೆಯೂ ಹೊರವರ್ತುಲ ರಸ್ತೆಯೂ ಕೂಡುವ ಈ ಸ್ಥಳದ ಒಂದು ಮಗ್ಗುಲಿಗೆ ಯಶವಂತಪುರದ ರೈಲು, ಇನ್ನೊಂದು ಮಗ್ಗುಲಿಗೆ ಪೀಣ್ಯದ ಕಾರ್ಖಾನೆಗಳು. ನಮ್ಮ ತೀರ್ಥರೂಪರು ಪೀಣ್ಯದಲ್ಲಿ ಲೇತ್ ಯಂತ್ರದ ಮುಂದೆ ನಿಂತು ದುಡಿದು, 1984ರಲ್ಲಿ ಒಂದು ಪ್ರೀಮಿಯರ್ ಪದ್ಮಿನಿ ಕಾರನ್ನು ಕೊಂಡರು. ಮುಂಬಯಿಯ ಕುರ್ಲಾದಲ್ಲಿ ತಯಾರಾಗುತ್ತಿದ್ದ ಆ ಕಾರುಗಳ ಉತ್ಪಾದನೆ ನಿಂತು ಎರಡು ದಶಕಗಳೇ ಸಂದಿವೆ. ಕಡುನೀಲಿ ಬಣ್ಣವನ್ನು ಆರಿಸಿದವರು ನಮ್ಮ ಮಾತೃಶ್ರೀಯವರು. ಅವರು ಈಗಿಲ್ಲ. ಕಾರು ಇದೆ, ಕಾರ್ಖಾನೆಯಲ್ಲಿ ಹಚ್ಚಿದ ಆ ಬಣ್ಣವೂ ಬಹುಮಟ್ಟಿಗೆ ಇದೆ.

2021ರ ಡಿಸೆಂಬರಿನಲ್ಲಿ ಪೀಣ್ಯದ ಮೇಲ್ಸೇತುವೆಯ ಕೇಬಲುಗಳಲ್ಲಿ ದೋಷ ಕಂಡುಬಂದು ಸಂಚಾರ ನಿಂತಿತು. ಮುಂದೆ ಹಗುರ ವಾಹನಗಳಿಗೆ ಅನುಮತಿ ದೊರೆತರೂ, ಲಾರಿಗಳು 2024ರವರೆಗೆ ಕೆಳಗಿನ ರಸ್ತೆಯನ್ನೇ ಹಿಡಿಯಬೇಕಾಯಿತು. ಆ ಧೂಳು ನಮ್ಮ ಬೀದಿಯ ಮನೆಮನೆಯ ಕಿಟಕಿಯ ಮೇಲೂ ಕುಳಿತಿತು, ಕಾರಿನ ಮೇಲೂ ಕುಳಿತಿತು. ಪ್ರತಿದಿನ ಬೆಳಿಗ್ಗೆ ಒಣಬಟ್ಟೆಯಿಂದ ಅದನ್ನು ಒರಸಿಡುವುದೇ ಕಾರಿಗೆ ಮಾಡುವ ಉಪಚಾರವೆಂದು ನಾವು ನಂಬಿದ್ದೆವು. ಎರಡು ವರ್ಷಗಳಲ್ಲಿ ಬಣ್ಣ ಮಂಕಾಗಿ, ಬಿಸಿಲಿಗೆ ಹಿಡಿದರೆ ಜೇಡರ ಬಲೆಯಂತೆ ಸುತ್ತುಗೆರೆಗಳು ಕಾಣತೊಡಗಿದವು. 2023ರ ಆಯುಧಪೂಜೆಗೆ ಅದನ್ನು ಹೊಸದರಂತೆ ಮಾಡಿಸಬೇಕೆಂಬ ಆಸೆಯಿಂದ ಒಂದು ಅಂಗಡಿಗೆ ಒಯ್ದು 'ರಬ್ಬಿಂಗ್ ಪಾಲಿಷ್' ಮಾಡಿಸಿದೆವು. ಸಂಜೆ ಕಾರು ಕನ್ನಡಿಯಂತೆ ಹೊಳೆಯುತ್ತ ಮನೆಗೆ ಬಂದಿತು.

ನಮ್ಮ ತೀರ್ಥರೂಪರಿಗೆ ಆಗ ಎಂಬತ್ತೆರಡು ವರ್ಷ, ದೃಷ್ಟಿ ಮಂದ. ಅವರು ಬಾನೆಟ್ಟಿನ ಮೇಲೆ ನಿಧಾನವಾಗಿ ಅಂಗೈ ಆಡಿಸಿದರು. ಎಡಗಡೆಯ ಏಣಿನ ಮೇಲೆ ಕೈ ನಿಂತಿತು. "ಇಲ್ಲಿ ಬಣ್ಣ ಇಲ್ಲ, ಮಗು" ಎಂದರು. ಬಾಗಿ ನೋಡಿದೆವು. ಬೆರಳಗಲದ ಜಾಗದಲ್ಲಿ ನೀಲಿ ಪೂರ್ತಿ ಹೋಗಿ ಬೂದುಬಣ್ಣದ ಅಸ್ತರಿ ಕಾಣುತ್ತಿತ್ತು. ಯಂತ್ರದ ಚಕ್ರವು ಏಣಿನ ಮೇಲೆ ಒಂದು ಕ್ಷಣ ಹೆಚ್ಚಾಗಿ ನಿಂತಿದ್ದಿತು. ಇಡೀ ಬಾನೆಟ್ಟಿಗೆ ಹೊಸ ಬಣ್ಣ ಹೊಡೆಸೋಣವೆಂದು ನಾವು ಹೇಳಿದಾಗ ಅವರು ಒಪ್ಪಲಿಲ್ಲ. "ಹೊಡೆಸಿದರೆ ಅದು ನಿಮ್ಮಮ್ಮ ನೋಡಿದ ಬಣ್ಣವಲ್ಲ. ಜಾಬು ಅಳತೆಗಿಂತ ಹೆಚ್ಚಾಗಿದ್ದರೆ ಇನ್ನೊಂದು ಸಲ ಕಡಿಯಬಹುದು. ಕಡಮೆಯಾದರೆ ಏನು ಮಾಡುತ್ತೀಯೆ?" ಎಂದರು. ಆ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ.

ಆ ರಾತ್ರಿಯಿಂದ ನಾವು ಈ ವಿಷಯವನ್ನು ಓದಿ, ಕೇಳಿ, ಕೈಯಿಂದ ಮಾಡಿ ತಿಳಿಯಲು ಹೊರಟೆವು. ತಿಳಿದುದರಲ್ಲಿ ಮೊದಲನೆಯದು ಬಣ್ಣದ ದಪ್ಪ. ಇಂದಿನ ಕಾರುಗಳಲ್ಲಿ ತಗಡಿನ ಮೇಲೆ ಅಸ್ತರಿ, ಅದರ ಮೇಲೆ ಬಣ್ಣ, ಎಲ್ಲಕ್ಕೂ ಮೇಲೆ ಗಾಜಿನಂತಹ ಪಾರದರ್ಶಕ ಪದರವಿರುತ್ತದೆ. ಆ ಪದರದ ದಪ್ಪ ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್; ಎಂದರೆ ತಲೆಗೂದಲಿಗಿಂತಲೂ ತೆಳುವು. ನಮ್ಮ ಪದ್ಮಿನಿಯಂತಹ ಹಳೆಯ ಕಾರಿಗೆ ಆ ಗಾಜುಪದರವೂ ಇಲ್ಲ. ಕೈಗೆ ತಾಕುವುದೇ ಬಣ್ಣ. ನಿಮ್ಮ ಕಾರು ಯಾವ ತರದ್ದೆಂದು ತಿಳಿಯಬೇಕಾದರೆ ಮರೆಯಾದ ಒಂದು ಮೂಲೆಯಲ್ಲಿ ಬಿಳಿಯ ಬಟ್ಟೆಗೆ ಚೂರು ಪಾಲಿಷ್ ತಾಕಿಸಿ ಮೆಲ್ಲಗೆ ಉಜ್ಜಿರಿ. ಬಟ್ಟೆಗೆ ಕಾರಿನ ಬಣ್ಣ ಹತ್ತಿದರೆ ಅದು ಹಳೆಯ ತರದ್ದು.

ಎರಡನೆಯದು, ಪಾಲಿಷಿಗೂ ಮೇಣಕ್ಕೂ ಇರುವ ಭೇದ. ಅಂಗಡಿಯಲ್ಲಿ ಎರಡಕ್ಕೂ ಒಂದೇ ಹೆಸರು ಕೇಳಿಬರುವುದುಂಟು. ಆದರೆ ಪಾಲಿಷ್ ಎಂಬುದು ನುಣ್ಣನೆಯ ಅರಗುಡಿಯುಳ್ಳ ವಸ್ತು. ಗೆರೆಯ ಆಳದವರೆಗೆ ಸುತ್ತಲಿನ ಬಣ್ಣವನ್ನು ತೆಗೆದು ಮೈಯನ್ನು ಸಮಮಾಡುವುದೇ ಅದರ ಕೆಲಸ. ಮೇಣವು ಏನನ್ನೂ ತೆಗೆಯುವುದಿಲ್ಲ. ಮೇಲೆ ಕುಳಿತು ಕಾಯುತ್ತದೆ. ಒಂದು ವೆಚ್ಚ, ಇನ್ನೊಂದು ಉಳಿತಾಯ. ಆದುದರಿಂದ ಪಾಲಿಷನ್ನು ವರ್ಷವರ್ಷವೂ ಹಬ್ಬಕ್ಕೆಂದು ಮಾಡಿಸತಕ್ಕದ್ದಲ್ಲ. ತೀರ ಅವಶ್ಯವಾದಾಗ, ಬಣ್ಣದ ದಪ್ಪವನ್ನು ಅಳೆಯುವ ಉಪಕರಣವಿದ್ದು ಏಣುಗಳಿಗೆ ಕಾಗದದ ಟೇಪು ಅಂಟಿಸಿ ಕೆಲಸ ಮಾಡುವವರಿಂದ ಮಾತ್ರ ಮಾಡಿಸತಕ್ಕದ್ದು. ಏಣಿನ ಮೇಲೆ ಬಣ್ಣ ಸಹಜವಾಗಿಯೇ ತೆಳುವಾಗಿರುವುದು.

ಮೂರನೆಯದು ನಮ್ಮನ್ನು ಅತ್ಯಂತ ನಾಚಿಸಿದ ಸಂಗತಿ. ಆ ಸುತ್ತುಗೆರೆಗಳನ್ನು ಮಾಡಿದ್ದು ಲಾರಿಯ ಧೂಳಲ್ಲ. ಧೂಳಿನ ಮೇಲೆ ಒಣಬಟ್ಟೆ ಎಳೆದ ನಮ್ಮ ಕೈ. ತುಮಕೂರು ರಸ್ತೆಯ ಧೂಳೆಂದರೆ ಕಲ್ಲಿನ ಪುಡಿ. ಬಟ್ಟೆಯಡಿ ಸಿಕ್ಕ ಒಡನೆ ಅದು ಉಪ್ಪುಕಾಗದವಾಗುತ್ತದೆ. ಧೂಳು ತಾನಾಗಿ ಕುಳಿತಿದ್ದರೆ ಹಾನಿ ಅಲ್ಪ. ತೊಳೆಯಲು ಸಮಯವಿಲ್ಲದ ದಿನ ಮುಟ್ಟದೆ ಬಿಡುವುದೇ ಲೇಸು.

ತೊಳೆಯುವ ಕ್ರಮ ಹೀಗಿದೆ. ನೆರಳಿನಲ್ಲಿ, ಮೈ ತಣ್ಣಗಿರುವಾಗ ತೊಳೆಯಬೇಕು. ಮೊದಲು ನೀರು ಚಿಮುಕಿಸಿ ಧೂಳನ್ನು ನೆನೆಸಿ ಇಳಿಸಬೇಕು. ಆಮೇಲೆ ಎರಡು ಬಕೆಟ್ಟುಗಳು: ಒಂದರಲ್ಲಿ ಕಾರಿಗೆಂದೇ ಮಾಡಿದ ಸೋಪಿನ ನೀರು, ಇನ್ನೊಂದರಲ್ಲಿ ಬರಿಯ ನೀರು. ಮೈಕ್ರೋಫೈಬರ್ ಬಟ್ಟೆಯನ್ನು ಸೋಪುನೀರಿನಲ್ಲಿ ಅದ್ದಿ, ಮಾಳಿಗೆಯಿಂದ ಮೊದಲ್ಗೊಂಡು ಕೆಳಮುಖವಾಗಿ, ಸುತ್ತುಸುತ್ತಾಗಿ ಉಜ್ಜದೆ ನೇರವಾಗಿ ಎಳೆಯಬೇಕು. ಪ್ರತಿಸಲವೂ ಬಟ್ಟೆಯನ್ನು ಬರಿಯ ನೀರಿನಲ್ಲಿ ಜಾಲಿಸಿದ ಮೇಲೆಯೇ ಸೋಪಿಗೆ ಅದ್ದಬೇಕು. ಚಕ್ರಗಳಿಗೆ ಬೇರೆ ಬಟ್ಟೆ, ಅದೂ ಕೊನೆಗೆ. ಪಾತ್ರೆ ತೊಳೆಯುವ ಸೋಪು ಜಿಡ್ಡನ್ನು ಕೀಳುವಂತೆ ಮೇಣವನ್ನೂ ಕಿತ್ತುಹಾಕುವುದರಿಂದ ಅದು ಬೇಡ. ಸೀಮೆಎಣ್ಣೆ ಅಥವಾ ಡೀಸೆಲ್ ಅದ್ದಿದ ಬಟ್ಟೆಯಿಂದ ಒರಸುವ ಹಳೆಯ ರೂಢಿಯೂ ಬೇಡ. ಎರಡು ಗಂಟೆ ಹೊಳೆದು, ಆಮೇಲೆ ಊರ ಧೂಳನ್ನೆಲ್ಲ ಕರೆದು ಕೂರಿಸುತ್ತದೆ.

ನೀರಿನ ವಿಷಯವಾಗಿ ಒಂದು ಮಾತು. 2024ರ ಬೇಸಗೆಯನ್ನು ಬೆಂಗಳೂರಿನ ಗೃಹಸ್ಥರು ಮರೆತಿರಲಾರರು. ಆ ಮಾರ್ಚಿನಲ್ಲಿ ಜಲಮಂಡಳಿಯು ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ವಿಧಿಸಿತು. 2025ರ ಫೆಬ್ರವರಿಯಲ್ಲಿ ಅದೇ ಆಜ್ಞೆಯನ್ನು ಮತ್ತೆ ಹೊರಡಿಸಿತು. ಆಗ ನಮ್ಮ ಮನೆಯಲ್ಲಿ ಶುದ್ಧೀಕರಣ ಯಂತ್ರವು ಹೊರಗೆ ಬಿಡುವ ನೀರನ್ನು ಹಿಡಿದಿಟ್ಟು ಕಾರು ತೊಳೆದೆವು. ಒಣಗಿದ ಮೇಲೆ ಮೈತುಂಬ ಬಿಳಿಯ ಚುಕ್ಕೆಗಳು! ಏತಕ್ಕೆಂದರೆ ಕೊಳವೆಬಾವಿಯ ಗಡಸುನೀರಿನ ಲವಣಗಳೆಲ್ಲ ಆ ತ್ಯಾಜ್ಯದಲ್ಲಿಯೇ ಹೆಚ್ಚು ಸಾಂದ್ರವಾಗಿರುತ್ತವೆ. ಚಕ್ರಕ್ಕೂ ಅಂಗಳಕ್ಕೂ ಅದನ್ನು ಬಳಸಬಹುದು, ಬಣ್ಣಕ್ಕೆ ಸಲ್ಲದು. ಬಣ್ಣಕ್ಕೆ ಉತ್ತಮವಾದುದು ಮಳೆಯ ನೀರು, ಅದರಲ್ಲಿ ಗಡಸುತನವಿಲ್ಲ. ಈಗ ನಾವು ಮಾಳಿಗೆಯ ಮಳೆನೀರನ್ನು ಸೋಸಿ ಪೀಪಾಯಿಯಲ್ಲಿ ಹಿಡಿದು ಕೊನೆಯ ಜಾಲನೆಗೆ ಬಳಸುತ್ತೇವೆ. ಯಾವ ನೀರೇ ಆಗಲಿ, ತಾನಾಗಿ ಒಣಗಲು ಬಿಡದೆ ಒಡನೆ ಮೆತ್ತನೆಯ ಬಟ್ಟೆಯಿಂದ ಒತ್ತಿ ತೆಗೆಯಬೇಕು. ಧೂಳು ಅಲ್ಪವಾಗಿದ್ದರೆ, ಜಾಲಿಸುವ ಅಗತ್ಯವಿಲ್ಲದ ಒಂದು ಬಗೆಯ ದ್ರಾವಣವೂ ದೊರೆಯುತ್ತದೆ. ಅದರಿಂದ ಒಂದೇ ಬಕೆಟ್ ನೀರಿನಲ್ಲಿ ಇಡೀ ಕಾರು ಶುಚಿಯಾಗುವುದು.

ತೊಳೆದು ಒಣಗಿದ ಮೇಲೆ ತೆಳುವಾದ ಪ್ಲಾಸ್ಟಿಕ್ ಚೀಲದೊಳಗೆ ಕೈಯಿಟ್ಟು ಬಾನೆಟ್ಟಿನ ಮೇಲೆ ಆಡಿಸಿ ನೋಡಿರಿ. ಕಣ್ಣಿಗೆ ನುಣುಪಾಗಿ ಕಂಡ ಮೈ ರವೆ ಚೆಲ್ಲಿದಂತೆ ತರಿತರಿಯಾಗಿ ತೋರಬಹುದು. ರೈಲಿನ ಬ್ರೇಕು, ಕಾರ್ಖಾನೆಯ ಸಾಣೆ, ಇವುಗಳಿಂದ ಹಾರುವ ಕಬ್ಬಿಣದ ಕಣಗಳು ಬಣ್ಣದಲ್ಲಿ ನೆಟ್ಟು ತುಕ್ಕು ಹಿಡಿಯುವುದುಂಟು. ಬಿಳಿಯ ಕಾರುಗಳ ಮೇಲೆ ಕಿತ್ತಳೆ ಬಣ್ಣದ ಚುಕ್ಕೆಗಳಾಗಿ ಅವು ಸ್ಪಷ್ಟವಾಗಿ ಕಾಣುತ್ತವೆ. ಇವನ್ನು ಉಗುರಿನಿಂದ ಕೆರೆಯದೆ, ಕ್ಲೇ ಬಾರ್ ಎಂಬ ಮೆದುಮಣ್ಣಿನಂತಹ ಮುದ್ದೆಯನ್ನು ಒದ್ದೆ ಮೈಯ ಮೇಲೆ ಭಾರ ಹಾಕದೆ ಜಾರಿಸಿ ತೆಗೆಯಬೇಕು. ಮುದ್ದೆ ನೆಲಕ್ಕೆ ಬಿದ್ದರೆ ಎಸೆದುಬಿಡಬೇಕು. ಅಂಟಿಕೊಂಡ ಮರಳು ಹೊಸ ಗೆರೆಗಳನ್ನು ಕೊರೆಯುತ್ತದೆ. ವರ್ಷಕ್ಕೆ ಒಂದೆರಡು ಸಲ ಇದು ಸಾಕು.

ಇನ್ನು ಮೇಣದ ಆಯ್ಕೆ. ಜೆ.ಸಿ. ರಸ್ತೆಯ ಮೋಟಾರು ಸಾಮಾನಿನ ಅಂಗಡಿಗಳಲ್ಲಿ ಡಬ್ಬಿಗಳ ಸಾಲನ್ನು ನೋಡಿ ದಿಗಿಲಾಗುವುದು ಸಹಜ. ವಾಸ್ತವದಲ್ಲಿ ಮುಖ್ಯವಾದ ಬಗೆಗಳು ಮೂರೇ. ಮೊದಲನೆಯದು ಕಾರ್ನೌಬಾ. ಬ್ರೆಜಿಲ್ ದೇಶದ ಈಶಾನ್ಯ ಭಾಗದಲ್ಲಿ ಬೆಳೆಯುವ ಒಂದು ಜಾತಿಯ ತಾಳೆಮರವು, ಒಣಹವೆಯಲ್ಲಿ ತೇವ ಆರದಂತೆ ತನ್ನ ಎಲೆಗಳ ಮೇಲೆ ಈ ಮೇಣವನ್ನು ಒಸರಿಸಿಕೊಳ್ಳುತ್ತದೆ. ಎಲೆಗಳನ್ನು ಒಣಗಿಸಿ ಬಡಿದು ಅದನ್ನು ತೆಗೆಯುತ್ತಾರೆ. ಅದು ಕರಗುವುದು ಸುಮಾರು 82ರಿಂದ 86 ಡಿಗ್ರಿ ಸೆಲ್ಸಿಯಸ್ಸಿನಲ್ಲಿ. ಶುದ್ಧ ರೂಪದಲ್ಲಿ ಕಲ್ಲಿನಂತೆ ಗಟ್ಟಿಯಾದುದರಿಂದ ಎಣ್ಣೆ, ದ್ರಾವಕಗಳನ್ನು ಬೆರೆಸದೆ ಹಚ್ಚಲಾಗದು; ಆದುದರಿಂದ 'ನೂರಕ್ಕೆ ನೂರು ಕಾರ್ನೌಬಾ' ಎಂಬ ಡಬ್ಬಿಯ ಮಾತನ್ನು ಅಕ್ಷರಶಃ ನಂಬಬೇಕಾಗಿಲ್ಲ. ಗಾಢ ಬಣ್ಣಗಳಿಗೆ ಇದು ತುಂಬುಹೊಳಪನ್ನು ಕೊಡುತ್ತದೆ. ಬಾಳಿಕೆ ಮಾತ್ರ ಕೆಲವು ವಾರಗಳಿಂದ ಒಂದೆರಡು ತಿಂಗಳು. ಎರಡನೆಯದು ಕೃತಕ ಪಾಲಿಮರುಗಳಿಂದಾದ ಸೀಲೆಂಟ್. ನಾಲ್ಕಾರು ತಿಂಗಳು ಬಾಳುತ್ತದೆ. ಮೂರನೆಯದು ಸಿರಾಮಿಕ್ ಲೇಪನ. ವರ್ಷಗಟ್ಟಲೆ ಬಾಳುತ್ತದೆ, ಬೆಲೆಯೂ ಹಾಗೆಯೇ.

ಸಿರಾಮಿಕ್ಕೇ ಆಗಲಿ ಎಂದು ನಮ್ಮ ಚಿರಂಜೀವಿಯ ಹಟ. ದಿನವೂ ಕಚೇರಿಗೆ ಹೋಗಿ ಬಯಲಿನಲ್ಲಿ ನಿಲ್ಲುವ ಹೊಸ ಕಾರಿಗೆ ಅದು ಯೋಗ್ಯವೆಂದು ನಾವೂ ಒಪ್ಪುತ್ತೇವೆ. ಆದರೆ ಅದನ್ನು ಹಾಕುವ ಮುನ್ನ ಮೈಯ ಗೆರೆಗಳನ್ನೆಲ್ಲ ಯಂತ್ರದಿಂದ ಅರೆದು ಸಮಮಾಡುವುದು ವಾಡಿಕೆ. ಇಲ್ಲದಿದ್ದರೆ ಗೆರೆಗಳು ಲೇಪನದಡಿಯಲ್ಲಿ ಹಾಗೆಯೇ ಉಳಿಯುತ್ತವೆ. ನಾಲ್ಕು ದಶಕ ಸವೆದ ಬಣ್ಣಕ್ಕೆ ಇನ್ನೊಂದು ಅರೆತ ತಾಳಲಾರದು. ಅಲ್ಲದೆ ಅಂಗಡಿಯವರು ಹೇಳುವ '9 ಎಚ್' ಗಟ್ಟಿತನವು ಪೆನ್ಸಿಲಿನ ಸೀಸದಿಂದ ಗೀರಿ ನೋಡುವ ಪರೀಕ್ಷೆಯ ಅಂಕ. ಕಲ್ಲೇಟನ್ನು ತಡೆಯುವ ಕವಚವಲ್ಲ. ಸಿರಾಮಿಕ್ ಇದ್ದರೂ ಒಣಬಟ್ಟೆ ಎಳೆದರೆ ಗೆರೆ ಬಿದ್ದೇ ಬೀಳುವುದು. ಹೀಗಾಗಿ, ಬಳಕೆಯ ಹೊಸ ಕಾರಿಗೆ ಸೀಲೆಂಟ್ ಅಥವಾ ಸಿರಾಮಿಕ್. ಮನೆಯ ಹಿರಿಯರಂತೆ ನೆರಳಿನಲ್ಲಿ ಕುಳಿತ ಹಳೆಯ ಕಾರಿಗೆ ಅರಗುಡಿಯಿಲ್ಲದ ಮೇಣ ಎಂದು ನಾವು ತೀರ್ಮಾನಿಸಿದೆವು. ಡಬ್ಬಿಯ ಮೇಲೆ 'ಕ್ಲೀನರ್ ವ್ಯಾಕ್ಸ್' ಎಂದಿದ್ದರೆ ಅದರಲ್ಲಿ ಸವೆಸುವ ಅಂಶ ಇರುವ ಸಂಭವವುಂಟೆಂದು ತಿಳಿದು ಕೊಳ್ಳಿರಿ.

ಹಚ್ಚುವಾಗ ಎಷ್ಟು ತೆಳುವೋ ಅಷ್ಟು ಒಳ್ಳೆಯದು. ದೋಸೆಯ ಹಂಚಿಗೆ ಎಣ್ಣೆ ಸವರುವಷ್ಟು ಸಾಕು. ದಪ್ಪವಾಗಿ ಬಳಿದರೆ ಹೆಚ್ಚು ಬಾಳುವುದಿಲ್ಲ, ತೆಗೆಯಲು ಕಷ್ಟವಾಗುವುದಷ್ಟೆ. ಒಂದು ಸಲಕ್ಕೆ ಒಂದೇ ಭಾಗ. ಮಂಜು ಕವಿದಂತೆ ಆದ ಮೇಲೆ ಬೆರಳಿನಿಂದ ಗೀಚಿ ನೋಡಿ, ಗುರುತು ಸ್ವಚ್ಛವಾಗಿ ಮೂಡಿದರೆ ಶುಚಿಯಾದ ಬಟ್ಟೆಯಿಂದ ಹಗುರವಾಗಿ ಒರಸಬೇಕು. ತಾವರೆಯೆಲೆಯ ಮೇಲಿನಂತೆ ನೀರು ಮಣಿಗಟ್ಟಿ ಉರುಳುತ್ತಿರುವವರೆಗೆ ಮೇಣವಿದೆ. ನೀರು ಹಾಳೆಯಂತೆ ಹರಡಿ ನಿಂತರೆ ಮತ್ತೆ ಹಚ್ಚುವ ಕಾಲ ಬಂದಿತು. ಹಕ್ಕಿಯ ಹಿಕ್ಕೆಯನ್ನಂತೂ ಮೇಣವಿದ್ದರೂ ಕಂಡ ಕೂಡಲೇ ನೆನೆಸಿ ತೆಗೆಯತಕ್ಕದ್ದು. ಅದರ ಆಮ್ಲವು ಬಿಸಿಲಿನಲ್ಲಿ ಬಣ್ಣವನ್ನು ಸುಡುತ್ತದೆ.

ಆಯುಧಪೂಜೆಯ ಅರಿಸಿನ, ಕುಂಕುಮ, ಗಂಧಗಳ ವಿಷಯದಲ್ಲಿಯೂ ಇದೇ ಎಚ್ಚರ. ನಾವು ಈಗ ಪೂಜೆಗೆ ಎರಡು ದಿನ ಮುಂಚೆ ಮೇಣ ಹಚ್ಚುತ್ತೇವೆ. ಕುಂಕುಮವನ್ನು ಸಾಧ್ಯವಾದಷ್ಟು ಗಾಜಿಗೂ ನಂಬರು ಫಲಕಕ್ಕೂ ಇಡುತ್ತೇವೆ. ಹೂವಿನ ಹಾರವನ್ನು ತಂತಿಯಿಂದ ಕಟ್ಟದೆ ಹತ್ತಿಯ ದಾರದಿಂದ ಕಟ್ಟಿ, ಕಾರು ಬೀದಿಗಿಳಿಯುವ ಮುನ್ನ ಬಿಚ್ಚುತ್ತೇವೆ. ಗಾಳಿಗೆ ಬಣ್ಣದ ಮೇಲೆ ಹೊರಳಾಡುವ ಹಾರವೂ ಗೀರುವುದು.

2025ರ ಪೂಜೆಯ ಮುನ್ನಾದಿನ ಮೇಣ ಒರಸಿ ಮುಗಿಸಿ ತೀರ್ಥರೂಪರನ್ನು ಕೈಹಿಡಿದು ಹೊರಗೆ ಕರೆತಂದೆವು. ಅಂಗೈ ಬಾನೆಟ್ಟಿನ ಮೇಲೆ ಹೊರಟಿತು. ಎಡಗಡೆಯ ಏಣಿನಲ್ಲಿ, ಸಣ್ಣ ಕುಂಚದಿಂದ ನಾವೇ ಬಣ್ಣ ಮುಟ್ಟಿಸಿದ್ದ ಆ ಬೆರಳಗಲದ ಜಾಗದಲ್ಲಿ ನಿಂತಿತು. "ಇದು ಇಲ್ಲೇ ಇದೆ" ಎಂದರು. ಮತ್ತೆ ಕೈ ಮುಂದಕ್ಕೆ ಸಾಗಿ, ಬಲಗಡೆಯ ದೀಪದವರೆಗೆ ಎಲ್ಲಿಯೂ ನಿಲ್ಲದೆ ಹೋಯಿತು. ಆಮೇಲೆ ಅವರು ಬಾಗಿಲ ಹಿಡಿಯನ್ನು ತಡಕಿ ತೆರೆದು ಮುಂದಿನ ಸೀಟಿನಲ್ಲಿ ಕುಳಿತು, "ಯಶವಂತಪುರದವರೆಗೆ ಒಂದು ಸುತ್ತು ಹೋಗಿ ಬರೋಣ, ನಡೆ" ಎಂದರು.