ಕಾರಿಗೆ ಹೊಸ ಬುದ್ಧಿ

ದೇವದುರ್ಗದಿಂದ ಮಾನವಿಗೆ ಹೋಗುವ ದಾರಿಯಲ್ಲಿ, ಸಿರವಾರ ಇನ್ನೂ ಎರಡು ಮೈಲಿಯಷ್ಟು ದೂರವಿರುವಾಗ, ನಮ್ಮ ಹೊಸ ವಿದ್ಯುತ್ ಕಾರು ತನ್ನ ಲೆಕ್ಕವನ್ನು ತಾನೇ ತಿದ್ದಿಕೊಂಡಿತು. ಅದುವರೆಗೆ ಬ್ಯಾಟರಿಯಲ್ಲಿ ಶೇಕಡ 19 ಉಳಿದಿದೆಯೆಂದು ಹೇಳುತ್ತಿದ್ದ ಗಾಜಿನ ಫಲಕವು, ರೆಪ್ಪೆ ಬಡಿಯುವಷ್ಟರಲ್ಲಿ 6 ಎಂದಿತು. ಮರುಗಳಿಗೆಯಲ್ಲಿ ಆಮೆಯ ಚಿತ್ರವೊಂದು ಮೂಡಿತು. ಕಾರು ಎತ್ತಿನ ಗಾಡಿಯ ನಡಿಗೆಗೆ ಇಳಿಯಿತು.

ಹಿಂದಿನ ಆಸನದಲ್ಲಿ ನನ್ನ ತಾಯಿ. ಆಕೆಯ ಮಡಿಲಲ್ಲಿ ಹೋಳಿಗೆಯ ಬುಟ್ಟಿ. ಪಕ್ಕದಲ್ಲಿ ನನ್ನ ಪತ್ನಿ. ಆಕೆಯ ಕೈಯಲ್ಲಿ ಹಸಿರು ಸೀರೆ, ಬಳೆ, ಹೂವುಗಳ ಗಂಟು. ಮಾನವಿಯಲ್ಲಿ ಅಂದು ನನ್ನ ತಂಗಿಗೆ ಕುಬಸ. ಮುಂದಿನ ಆಸನದಲ್ಲಿದ್ದವರು ನನ್ನ ತಂದೆ. ಮೂವತ್ತು ವರ್ಷಕ್ಕೂ ಮಿಕ್ಕಿ ಪ್ರಾಥಮಿಕ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಕಾರಿನ ಬೆಲೆಯ ಮೂರರಲ್ಲೊಂದು ಪಾಲು ಅವರ ನಿವೃತ್ತಿಯ ಗಂಟಿನಿಂದ ಬಂದುದು. ಅವರು ಫಲಕವನ್ನು ನೋಡಿದರು, ನನ್ನನ್ನು ನೋಡಿದರು, ಒಂದು ಮಾತನ್ನೂ ಆಡಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ತೆವಳುತ್ತ ಸಿರವಾರವನ್ನು ಮುಟ್ಟಿ, ಒಂದು ಹಿಟ್ಟಿನ ಗಿರಣಿಯ ಮುಂದೆ ನಿಂತೆವು. ಗಿರಣಿಯವನು ಒಳ್ಳೆಯವನು. “ಕರೆಂಟ್ ಗಾಡಿ ಏನ್ರಿ ಸರ? ಹಚ್ಚಿರಿ, ಹಚ್ಚಿರಿ” ಎಂದು ಹದಿನೈದು ಆಂಪಿಯರಿನ ಪ್ಲಗ್ಗನ್ನು ತೋರಿಸಿದನು. ಅಂಥ ಪ್ಲಗ್ಗಿನಿಂದ ಗಂಟೆಗೆ ಎರಡೂವರೆ ಮೂರು ಯೂನಿಟ್ಟಿಗಿಂತ ಹೆಚ್ಚು ಹತ್ತುವುದಿಲ್ಲ. ಮೈಗೆಲ್ಲ ಜೋಳದ ಹಿಟ್ಟು ಮೆತ್ತಿಕೊಂಡು ಎರಡು ಗಂಟೆ ಕುಳಿತೆವು. ಶಕ್ತಿನಗರದ ಎಂಟು ಘಟಕಗಳಲ್ಲಿ 1720 ಮೆಗಾವಾಟ್, ಯರಮರಸಿನ ಎರಡು ಘಟಕಗಳಲ್ಲಿ 1600 ಮೆಗಾವಾಟ್ ಉತ್ಪಾದಿಸುವ ಸಾಮರ್ಥ್ಯವುಳ್ಳ ಜಿಲ್ಲೆ ನಮ್ಮದು; ಅಂಥ ಜಿಲ್ಲೆಯಲ್ಲಿ ಐದು ಯೂನಿಟ್ಟಿಗಾಗಿ ಗಿರಣಿಯ ಕಟ್ಟೆಯ ಮೇಲೆ ಕಾದದ್ದಾಯಿತು. ಮಾನವಿ ಸೇರುವ ವೇಳೆಗೆ ದೀಪ ಹಚ್ಚಿ ಬಹಳ ಹೊತ್ತಾಗಿತ್ತು. ತಂಗಿಯ ಅತ್ತೆಯವರು ನಗುಮುಖದಿಂದಲೇ ಬರಮಾಡಿಕೊಂಡರು. ಮರುದಿನ ಬೆಳಿಗ್ಗೆ ತಂದೆಯವರು ತಾಯಿಯನ್ನು ಕರೆದುಕೊಂಡು ಸರಕಾರಿ ಬಸ್ಸಿನಲ್ಲಿ ದೇವದುರ್ಗಕ್ಕೆ ಹೊರಟುಬಿಟ್ಟರು.

ತಪ್ಪು ಯಾರದು? ಅರ್ಧ ನನ್ನದೇ ಎಂಬುದನ್ನು ಮೊದಲು ಒಪ್ಪಿಕೊಳ್ಳಬೇಕು. ಕೊಂಡಂದಿನಿಂದ, ಬ್ಯಾಟರಿಯ ಆಯುಷ್ಯಕ್ಕೆ ಒಳ್ಳೆಯದೆಂದು ಯಾರೋ ಹೇಳಿದ್ದನ್ನು ನಂಬಿ, ನಾನು ಅದನ್ನು ಎಂದೂ ಶೇಕಡ 80ರ ಮೇಲೆ ತುಂಬಿಸಿರಲಿಲ್ಲ. ನಮ್ಮ ಕಾರಿನಲ್ಲಿರುವುದು ಲಿಥಿಯಂ ಐರನ್ ಫಾಸ್ಫೇಟ್ ಎಂಬ ಜಾತಿಯ ಬ್ಯಾಟರಿ. ಇದು ಬಾಳಿಕೆಯದು, ಬೇಗ ಬೆಂಕಿಗೆ ತುತ್ತಾಗದು. ಆದರೆ ಒಂದು ಸ್ವಭಾವವುಂಟು. ಕಾಲುಭಾಗ ತುಂಬಿದ್ದರೂ ಮುಕ್ಕಾಲುಭಾಗ ತುಂಬಿದ್ದರೂ ಅದರ ಒಂದೊಂದು ಕೋಶದ ವೋಲ್ಟೇಜು ಹೆಚ್ಚು ಕಡಿಮೆ ಒಂದೇ, ಮೂರೂಕಾಲು ವೋಲ್ಟಿನ ಆಸುಪಾಸು. ಆದ್ದರಿಂದ ವೋಲ್ಟೇಜನ್ನು ನೋಡಿ ಒಳಗೆಷ್ಟಿದೆಯೆಂದು ಹೇಳಲು ಬರುವುದಿಲ್ಲ.

ನಮ್ಮ ಕಡೆಯ ಹಗೇವನ್ನು ಕಂಡವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ನೆಲದೊಳಗಿನ ಹಗೇವಿನಲ್ಲಿ ಎಷ್ಟು ಜೋಳ ಉಳಿದಿದೆಯೆಂದು ಹೊರಗಿನಿಂದ ಕಾಣದು. ಇಳಿಸಿದ ಚೀಲಗಳೆಷ್ಟು, ತೆಗೆದ ಚೀಲಗಳೆಷ್ಟು ಎಂದು ಬರೆದಿಟ್ಟುಕೊಂಡು ಅಂದಾಜು ಮಾಡಬೇಕು. ಕಾರಿನೊಳಗಿನ ಗಣಕವೂ ಇದನ್ನೇ ಮಾಡುತ್ತದೆ. ಒಳಬಂದ ವಿದ್ಯುತ್ತನ್ನೂ ಹೊರಹೋದ ವಿದ್ಯುತ್ತನ್ನೂ ಕ್ಷಣಕ್ಷಣಕ್ಕೂ ಕೂಡಿ ಕಳೆಯುತ್ತದೆ. ಒಂದು ಹಿಡಿ ಅತ್ತ, ಒಂದು ಹಿಡಿ ಇತ್ತ ತಪ್ಪಿದರೂ ತಿಂಗಳುಗಟ್ಟಲೆ ಕೂಡುತ್ತ ಹೋದಾಗ ತಪ್ಪು ಚೀಲಗಟ್ಟಲೆಯಾಗುತ್ತದೆ. ಹಗೇವು ಬಾಯಿತುಂಬ ತುಂಬಿದಾಗ ಮಾತ್ರ ಲೆಕ್ಕದ ಪುಸ್ತಕವನ್ನು ಹೊಸದಾಗಿ ಆರಂಭಿಸಬಹುದು. ಆದುದರಿಂದಲೇ ಈ ಬ್ಯಾಟರಿಯನ್ನು ಆಗಾಗ ನೂರಕ್ಕೆ ನೂರು ತುಂಬಿಸಬೇಕು. ನಾನು ತುಂಬಿಸಲಿಲ್ಲ. ತಳ ಹತ್ತಿರವಾದಾಗ ವೋಲ್ಟೇಜು ಒಮ್ಮೆಲೆ ಕುಸಿಯಿತು, ಗಣಕಕ್ಕೆ ಆಗ ನಿಜ ತಿಳಿಯಿತು, ನಮಗೂ ತಿಳಿಯಿತು.

ಉಳಿದರ್ಧ ತಪ್ಪು ಆ ಗಣಕದ ಹಳೆಯ ತಂತ್ರಾಂಶದ್ದು. ಈ ಲೆಕ್ಕವನ್ನು ಇನ್ನಷ್ಟು ಜಾಣತನದಿಂದ ಮಾಡುವ, ಅನುಮಾನವಿದ್ದಾಗ ಮುಂಚಿತವಾಗಿ ಎಚ್ಚರಿಸುವ ಹೊಸ ತಂತ್ರಾಂಶವನ್ನು ತಯಾರಕರು ಹೊರತಂದು ಆಗಲೇ ಎರಡು ತಿಂಗಳಾಗಿತ್ತು. ಅದು ನನ್ನ ಕಾರಿಗೆ ಬಂದಿರಲಿಲ್ಲ.

ರಾಯಚೂರಿಗೆ ಮರಳಿ ಕಾರು ಮಾರಿದ ಡೀಲರರಲ್ಲಿಗೆ ಹೋದೆನು. ಹೆಸರು ಇಲ್ಲಿ ಅನಾವಶ್ಯಕ. ಸರ್ವಿಸ್ ವಿಭಾಗದ ಯುವಕನು ಕುರ್ಚಿ ಕೊಟ್ಟು, ಚಹಾ ತರಿಸಿ, “ಅಪ್‌ಡೇಟ್ ತಾನ ಬರ್ತದ್ರಿ ಸರ, ಮೊಬೈಲಿಗೆ ಬಂದಂಗ. ನೀವೇನೂ ಮಾಡೂದು ಬ್ಯಾಡ” ಎಂದು ಆಶ್ವಾಸನೆ ಕೊಟ್ಟನು. ತರಗತಿಯಲ್ಲಿ ‘ತಂತ್ರಾಂಶ ನವೀಕರಣ’ ಎಂದು ಹೇಳಿ ರೂಢಿಯಾದ ನಾನು ಅಲ್ಲಿಯೂ ಹಾಗೆಯೇ ಅಂದಾಗ, ಅವನು ಗೌರವದಿಂದ ನಕ್ಕನು. ಹದಿನೈದು ದಿನ ಕಾದೆನು. ಬಂದಿತು, ನಿಜ, ಆದರೆ ಬಂದದ್ದು ಹಾಡು ಕೇಳುವ ಪರದೆಗೆ ಹೊಸ ಬಣ್ಣ.

ವಾಚಕರಲ್ಲಿ ವಿದ್ಯುತ್ ಕಾರು ಕೊಂಡವರು, ಕೊಳ್ಳಬೇಕೆಂದಿರುವವರು ಅರಿಯಬೇಕಾದ ಸಂಗತಿ ಇದೇ. ಕಾರಿನಲ್ಲಿರುವುದು ಒಂದು ಗಣಕವಲ್ಲ, ಹತ್ತಾರು. ಪರದೆಗೊಂದು, ಬ್ಯಾಟರಿಗೊಂದು, ಮೋಟಾರಿಗೊಂದು, ಬ್ರೇಕಿಗೊಂದು, ಚಾರ್ಜು ಹತ್ತಿಸಿಕೊಳ್ಳುವ ಸಾಧನಕ್ಕೊಂದು. ಇವೆಲ್ಲ ಒಂದೇ ತಂತಿಜಾಲದಲ್ಲಿ ಮಾತಾಡಿಕೊಳ್ಳುತ್ತವೆ. ಕೆಲವು ಕಾರುಗಳಲ್ಲಿ ಎಲ್ಲಕ್ಕೂ ಗಾಳಿಯ ಮೂಲಕವೇ, ಎಂದರೆ ಮೊಬೈಲ್ ಜಾಲದಿಂದಲೇ, ಹೊಸ ತಂತ್ರಾಂಶವನ್ನು ಕಳಿಸಬಹುದು. ಹಲವು ಕಾರುಗಳಲ್ಲಿ ಪರದೆಗೆ ಮಾತ್ರ ಆ ಭಾಗ್ಯ. ಬ್ಯಾಟರಿ ಮೋಟಾರುಗಳ ಗಣಕಕ್ಕೆ ಡೀಲರನ ಕಾರ್ಯಾಗಾರದಲ್ಲಿ, ಸ್ಟಿಯರಿಂಗಿನ ಕೆಳಗಿರುವ ತಪಾಸಣೆಯ ಕಿಂಡಿಗೆ ಲ್ಯಾಪ್‌ಟಾಪನ್ನು ಜೋಡಿಸಿಯೇ ತುಂಬಬೇಕು. ಮಾರುವವರು ಈ ಭೇದವನ್ನು ಹೇಳುವುದು ಅಪರೂಪ.

ಗಾಳಿಯ ಮೂಲಕ ಏನೆಲ್ಲ ಸಾಧ್ಯವೆಂಬುದಕ್ಕೆ ದೊಡ್ಡ ನಿದರ್ಶನ ಅಮೆರಿಕದ್ದು. 2017ರ ಸೆಪ್ಟೆಂಬರಿನಲ್ಲಿ ಇರ್ಮಾ ಚಂಡಮಾರುತ ಫ್ಲೋರಿಡಾವನ್ನು ಬಡಿಯುವ ಮುನ್ನ, ಟೆಸ್ಲಾ ಕಂಪನಿಯು ಅಲ್ಲಿಯ ಕೆಲವು ಮಾದರಿಗಳ ಒಡೆಯರಿಗೆ, ಬ್ಯಾಟರಿಯಲ್ಲಿ ತಾನು ಬೀಗ ಹಾಕಿಟ್ಟಿದ್ದ ಭಾಗವನ್ನು ದೂರದಿಂದಲೇ ತಾತ್ಕಾಲಿಕವಾಗಿ ತೆರೆದುಕೊಟ್ಟಿತು. ಊರು ಬಿಟ್ಟು ಓಡುವವರಿಗೆ ಇನ್ನಷ್ಟು ಮೈಲಿ ದೊರೆಯಿತು. ಕೇಳಿದವರು ಬೆರಗಾದರು, ಒಡೆಯನ ಅಂಗಳದಲ್ಲಿರುವ ಕಾರಿನ ಬೀಗ ಇನ್ನೊಬ್ಬನ ಕೈಯಲ್ಲಿದೆಯೆಂದು ಸ್ವಲ್ಪ ಅಂಜಿದವರೂ ಉಂಟು. ಆದರೆ ಈ ಬಗೆಯ ಕಲ್ಪನೆಗೆ ನಮ್ಮ ಬೆಂಗಳೂರು ಹೊಸದಲ್ಲ. 2001ರಲ್ಲಿ ಚೇತನ್ ಮೈನಿಯವರ ರೇವಾ ಎಂಬ ಪುಟ್ಟ ವಿದ್ಯುತ್ ಕಾರು ಬೆಂಗಳೂರಿನಲ್ಲಿಯೇ ಹುಟ್ಟಿತು. ಲಂಡನ್ನಿನ ಬೀದಿಗಳಲ್ಲಿ ‘ಜಿ-ವಿಜ್’ ಎಂಬ ಹೆಸರಿನಿಂದ ಓಡಾಡಿತು. ಆ ಕಂಪನಿ 2009ರಲ್ಲಿಯೇ ಒಂದು ಏರ್ಪಾಟನ್ನು ಪ್ರಕಟಿಸಿತ್ತು: ದಾರಿಯಲ್ಲಿ ಚಾರ್ಜು ತೀರಿದವನು ಕಚೇರಿಗೆ ಫೋನು ಮಾಡಿದರೆ ಅಥವಾ ಸಂದೇಶ ಕಳಿಸಿದರೆ, ಬ್ಯಾಟರಿಯಲ್ಲಿ ಕಾಯ್ದಿರಿಸಿದ ಅಂಶವನ್ನು ದೂರದಿಂದಲೇ ಬಿಡುಗಡೆ ಮಾಡುವುದು. 2010ರಲ್ಲಿ ಕಂಪನಿ ಮಹೀಂದ್ರರ ಕೈಸೇರಿತು. ಸಿರವಾರದ ಗಿರಣಿಯ ಕಟ್ಟೆಯ ಮೇಲೆ ಕುಳಿತು ನಾನು ರೇವಾವನ್ನು ನೆನೆದದ್ದುಂಟು.

ಡೀಲರರ ಮೂಲಕ ನಡೆದ ನವೀಕರಣಕ್ಕೂ ನಮ್ಮ ದೇಶದಲ್ಲಿಯೇ ಒಳ್ಳೆಯ ನಿದರ್ಶನವಿದೆ. 2022ರ ಜುಲೈಯಲ್ಲಿ ಟಾಟಾ ಮೋಟಾರ್ಸ್ ತನ್ನ ನೆಕ್ಸಾನ್ ವಿದ್ಯುತ್ ಕಾರಿಗೆ ಕೆಲವು ಹೊಸ ಸೌಲಭ್ಯಗಳನ್ನು ಸೇರಿಸಿತು. ಇಳಿಜಾರಿನಲ್ಲಿಯೂ ವೇಗ ತಗ್ಗಿಸುವಾಗಲೂ ಮರಳಿ ದೊರೆಯುವ ವಿದ್ಯುತ್ತಿನ ಪ್ರಮಾಣವನ್ನು ಹಂತಹಂತವಾಗಿ ಬದಲಿಸುವುದು, ಒಂದೇ ವೇಗದಲ್ಲಿ ಓಡುವಂತೆ ಹಿಡಿದಿಡುವುದು, ಟಯರಿನ ಗಾಳಿ ಇಳಿದರೆ ಎಚ್ಚರಿಸುವುದು ಇತ್ಯಾದಿ. ವಿಶೇಷವೆಂದರೆ, ಮೊದಲೇ ಕಾರು ಕೊಂಡಿದ್ದ ಸುಮಾರು 22,000 ಮಂದಿಗೂ ಸರ್ವಿಸ್ ಕೇಂದ್ರಗಳಲ್ಲಿ ಇವನ್ನು ಉಚಿತವಾಗಿ ತುಂಬಿಕೊಡುವುದಾಗಿ ಹೇಳಿತು. ಮರುವರ್ಷ ನೆಕ್ಸಾನ್ ಮ್ಯಾಕ್ಸ್ ಮಾದರಿಯ ಪ್ರಮಾಣಿತ ಓಟವು 437ರಿಂದ 453 ಕಿಲೋಮೀಟರಿಗೆ ಏರಿತು. ಹಳೆಯ ಒಡೆಯರಿಗೆ 2023ರ ಫೆಬ್ರವರಿ 15ರಿಂದ ಡೀಲರರಲ್ಲಿ ತಂತ್ರಾಂಶದ ಮೂಲಕವೇ ಆ ಲಾಭ ದೊರೆಯುವಂತಾಯಿತು. ಒಂದು ಮೊಳೆಯನ್ನೂ ಬದಲಿಸದೆ ಕಾರು ಹದಿನಾರು ಕಿಲೋಮೀಟರು ಹೆಚ್ಚು ಓಡುವುದೆಂದರೆ ನಮ್ಮ ಅಜ್ಜಂದಿರು ಇದನ್ನು ಮಂತ್ರವಿದ್ಯೆಯೆಂದೇ ಅನ್ನುತ್ತಿದ್ದರು.

ಎರಡನೆಯ ಸಲ ಹೋದಾಗ ಪರದೆಯ ಮೇಲಿನ ತಂತ್ರಾಂಶದ ಸಂಖ್ಯೆಯ ಚಿತ್ರವನ್ನೂ, ಸಿರವಾರದ ಘಟನೆಯ ದಿನ, ಹೊತ್ತು, ಓಡಿದ ಕಿಲೋಮೀಟರುಗಳನ್ನು ಬರೆದ ಕಾಗದವನ್ನೂ ಒಯ್ದೆನು. ಬಾಯಿಮಾತಿನ ದೂರಿಗೆ ಚಹಾ ದೊರೆಯುತ್ತದೆ, ಬರೆದು ಕೊಟ್ಟ ದೂರಿಗೆ ಜಾಬ್ ಕಾರ್ಡ್ ದೊರೆಯುತ್ತದೆ ಎಂಬುದನ್ನು ಅಂದು ಕಲಿತೆನು. ಅನಂತರ ವಿಷಯ ಹೊರಬಿತ್ತು. ಹೊಸ ತಂತ್ರಾಂಶ ಅವರ ಬಳಿ ಇತ್ತು, ತುಂಬುವವನಿರಲಿಲ್ಲ. ಅಧಿಕ ವೋಲ್ಟೇಜಿನ ಕೆಲಸದಲ್ಲಿ ತರಬೇತಿ ಪಡೆದು, ಕಂಪನಿಯ ಗುಪ್ತಪದ ಹೊಂದಿದ ತಂತ್ರಜ್ಞನೊಬ್ಬನು ದೂರದ ನಗರದಿಂದ ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದನು. ಹಿಂದಿನ ಸಲ ಅವನು ಬಂದಾಗ ನನ್ನ ಹೆಸರು ಪಟ್ಟಿಯಲ್ಲಿ ಇರಲಿಲ್ಲ, ಏಕೆಂದರೆ ನನ್ನ ದೂರು ಚಹಾದಲ್ಲಿ ಕರಗಿಹೋಗಿತ್ತು. ನನಗೆ ಸಿಟ್ಟು ಬಂದಿತು. ಹುಡುಗನ ಮೇಲೆ ಅದನ್ನು ತೀರಿಸಿಕೊಂಡೆನೆಂದು ಈಗ ನಾಚಿಕೆಯಾಗುತ್ತದೆ. ಅವನಿಗೆ ಹೇಳಿಕೊಟ್ಟಿದ್ದಷ್ಟನ್ನೇ ಅವನು ಹೇಳಿದ್ದನು.

ಮೂರನೆಯ ಸಲ ತಂತ್ರಜ್ಞ ಸಿಕ್ಕನು. ವಯಸ್ಸು ಇಪ್ಪತ್ತಾರಿರಬಹುದು, ಮಾತು ಕಡಿಮೆ, ಕೆಲಸ ಅಚ್ಚುಕಟ್ಟು. ನನಗೆ ನಿಂತು ನೋಡಲು ಒಪ್ಪಿಗೆ ಕೊಟ್ಟನು. ಮೊದಲು ಅವನು ಮುಟ್ಟಿದ್ದು ಲ್ಯಾಪ್‌ಟಾಪನ್ನಲ್ಲ, ಬಾನೆಟ್ಟಿನಡಿಯ ಹನ್ನೆರಡು ವೋಲ್ಟಿನ ಸಣ್ಣ ಬ್ಯಾಟರಿಯನ್ನು. ದೊಡ್ಡ ಬ್ಯಾಟರಿಯೆಷ್ಟೇ ಬಲಿಷ್ಠವಾಗಿದ್ದರೂ ಗಣಕಗಳು ಉಣ್ಣುವುದು ಈ ಚಿಕ್ಕದರ ಕೈಯಿಂದಲೇ. ಅದಕ್ಕೆ ಹೊರಗಿನಿಂದ ಸ್ಥಿರವಾದ ವಿದ್ಯುತ್ತನ್ನು ಜೋಡಿಸಿದನು. “ನಡುವ ಕರೆಂಟ್ ಹೋದ್ರ?” ಎಂದು ಕೇಳಿದೆನು. “ಹಳೇದು ಅಳಿಸಿರ್ತದ, ಹೊಸದು ಪೂರಾ ಕುಂತಿರಂಗಿಲ್ಲ. ಆ ಯೂನಿಟ್ ಕಲ್ಲಾಗ್ತದ್ರಿ ಸರ” ಎಂದನು. ಅಹಲ್ಯೆಯ ಕಥೆ ನೆನಪಾಯಿತು. ಇಲ್ಲಿ ರಾಮ ಬರುವುದು ಹದಿನೈದು ದಿನಕ್ಕೊಮ್ಮೆ. ವಿಶ್ವಸಂಸ್ಥೆಯ ಆಶ್ರಯದಲ್ಲಿ 2020ರಲ್ಲಿ ರೂಪುಗೊಂಡು 2021ರ ಜನವರಿಯಲ್ಲಿ ಜಾರಿಗೆ ಬಂದ 156ನೆಯ ವಾಹನ ನಿಯಮವು, ಗಾಳಿಯ ಮೂಲಕದ ನವೀಕರಣ ನಡುವೆ ಮುರಿದರೆ ವಾಹನವು ಹಳೆಯ ತಂತ್ರಾಂಶಕ್ಕೆ ಮರಳಬೇಕು ಅಥವಾ ಸುರಕ್ಷಿತ ಸ್ಥಿತಿಯಲ್ಲಿ ನಿಲ್ಲಬೇಕು ಎಂದು ವಿಧಿಸುತ್ತದೆ. ಬೇಕಾದಷ್ಟು ವಿದ್ಯುತ್ತಿದ್ದಾಗಲೇ ಆರಂಭಿಸಬೇಕೆಂದೂ ಹೇಳುತ್ತದೆ. ಈ ಎಚ್ಚರ ಏಕೆ ಬೇಕೆಂದು ರಾಯಚೂರಿನ ಬೇಸಿಗೆಯಲ್ಲಿ, ಜನರೇಟರಿನ ಸದ್ದಿನ ನಡುವೆ ನಿಂತವನಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಆಮೇಲೆ ಲ್ಯಾಪ್‌ಟಾಪು ಕಾರಿನ ಚಾಸಿ ಸಂಖ್ಯೆಯನ್ನು ಓದಿ, ಕಂಪನಿಯ ಭಂಡಾರಕ್ಕೆ ಕೇಳಿ, ಈ ಕಾರಿಗೆ ಸಲ್ಲುವ ತಂತ್ರಾಂಶವನ್ನು ತರಿಸಿತು. ಕಂಪನಿಯ ಮುದ್ರೆಯಿಲ್ಲದ ತಂತ್ರಾಂಶವನ್ನು ಗಣಕವು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಆದುದರಿಂದ ಬೀದಿಯ ಮೆಕ್ಯಾನಿಕ್ಕಿನಿಂದ ಈ ಕೆಲಸ ಆಗದು. ಪಟ್ಟಿಯೊಂದು ನಿಧಾನವಾಗಿ ತುಂಬುತ್ತ ಹೋಯಿತು. ಒಟ್ಟು ಎರಡೂವರೆ ಗಂಟೆ ಹಿಡಿಯಿತು. ಬಳಿಕ ತಂತ್ರಜ್ಞನು, “ಈಗ ಒಮ್ಮೆ ಪೂರಾ ಇಳಿಸಿ, ನೂರಕ್ಕ ನೂರು ತುಂಬಿರಿ. ಆಮ್ಯಾಲೆ ವಾರಕ್ಕೊಮ್ಮೆ ನೂರು ಮುಟ್ಟಿಸ್ರಿ” ಎಂದನು. ಪೂರ್ತಿ ಇಳಿಸುವುದೆಂದರೆ ಶೇಕಡ ಹತ್ತರ ಸುಮಾರಿಗೆ ಎಂದು ಕೇಳಿ ತಿಳಿದುಕೊಂಡೆನು. ಇಲ್ಲವಾದರೆ ಮತ್ತೆ ಗಿರಣಿ. ಹಣ ಕೇಳಲಿಲ್ಲ. ಜಾಬ್ ಕಾರ್ಡಿನಲ್ಲಿ ಹಳೆಯ ಸಂಖ್ಯೆಯನ್ನೂ ಹೊಸ ಸಂಖ್ಯೆಯನ್ನೂ ಬರೆಸಿಕೊಂಡು ಬಂದೆನು.

ಮುಂದಿನ ಭಾನುವಾರ ನಾನೊಬ್ಬನೇ ಕಾರು ತೆಗೆದುಕೊಂಡು ಹೊರಟೆನು. ರಾಯಚೂರು, ಗಬ್ಬೂರು, ದೇವದುರ್ಗ, ಸಿರವಾರ, ಮಾನವಿ, ಮತ್ತೆ ರಾಯಚೂರು. ದೇವದುರ್ಗದಲ್ಲಿ ಮನೆಯ ಮುಂದಿನಿಂದ ಹಾದರೂ ಇಳಿಯಲಿಲ್ಲ. ಹತ್ತು ಹತ್ತು ಕಿಲೋಮೀಟರಿಗೆ ನಿಲ್ಲಿಸಿ ಒಂದು ನೋಟುಬುಕ್ಕಿನಲ್ಲಿ ಓಡಿದ ದೂರ, ಉಳಿದ ಶೇಕಡ, ಹೊರಗಿನ ಬಿಸಿಲು, ಏಸಿ ಹಾಕಿದ್ದೆನೋ ಇಲ್ಲವೋ ಎಲ್ಲವನ್ನೂ ಬರೆದೆನು. ಗಬ್ಬೂರಿನ ಬಳಿ ಕುರಿ ಕಾಯುವ ಮುದುಕನೊಬ್ಬನು, ಗಾಡಿ ಕೆಟ್ಟಿತೇನೋ ಎಂದು ನೂಕಲು ಬಂದನು. ಸಿರವಾರದ ಗಿರಣಿಯವನಿಗೆ ರಾಯಚೂರಿನಿಂದ ಒಂದು ಪೊಟ್ಟಣ ಸಿಹಿ ಒಯ್ದಿದ್ದೆನು. ಅಂಕಿ ಎಲ್ಲಿಯೂ ಹಾರಲಿಲ್ಲ; ಮೆಟ್ಟಿಲಿಳಿದಂತೆ ಒಂದೊಂದೇ ಇಳಿಯಿತು. ಮನೆ ಸೇರಿದಾಗ ಶೇಕಡ 23 ಉಳಿದಿತ್ತು.

ಮರುವಾರ ದೇವದುರ್ಗಕ್ಕೆ ಬಸ್ಸಿನಲ್ಲಿ ಹೋಗಿ ನೋಟುಬುಕ್ಕನ್ನು ತಂದೆಯವರ ಮುಂದಿಟ್ಟೆನು. ಅವರು ಕನ್ನಡಕ ಏರಿಸಿಕೊಂಡು, ಗೂಡಿನಿಂದ ಕೆಂಪು ಪೆನ್ಸಿಲನ್ನು ತೆಗೆದು, ಸಾಲುಸಾಲಾಗಿ ಓದತೊಡಗಿದರು. ಅರ್ಧ ಗಂಟೆ ಮನೆಯಲ್ಲಿ ಗಡಿಯಾರದ ಸದ್ದು ಮಾತ್ರ. ಎರಡನೆಯ ಪುಟದಲ್ಲಿ ಪೆನ್ಸಿಲು ನಿಂತಿತು.

“ಇಲ್ಲಿ ಕಳಿಯೂದು ತಪ್ಪ್ಯಾದ” ಎಂದರು.

“ಕಾರಿಂದೇನಪಾ?” ಎಂದು ಗಾಬರಿಯಿಂದ ಬಗ್ಗಿ ನೋಡಿದೆನು.

“ನಿಂದು” ಎಂದು ತಿದ್ದಿ, ಪುಟದ ಕೆಳಗೆ ಸಣ್ಣದೊಂದು ಸರಿ ಗುರುತು ಹಾಕಿ, ಪುಸ್ತಕವನ್ನು ಮುಚ್ಚಿದರು. ಸ್ವಲ್ಪ ಹೊತ್ತಾದ ಮೇಲೆ, ಒಳಗಿದ್ದ ತಾಯಿಗೂ ಕೇಳಿಸುವಷ್ಟು ಗಟ್ಟಿಯಾಗಿ, “ಸೋಮವಾರ ನಮ್ಮಿಬ್ಬರದೂ ರಾಯಚೂರು ಡಾಕ್ಟರ್ ಹತ್ರ ತೋರಿಸೂದದ. ಎಷ್ಟು ಗಂಟೇಕ ಬರ್ತೀ?” ಎಂದು ಕೇಳಿದರು.